ಆಂಡ್ರಾಯ್ಡ್ ಫೋನಿನ ಜಾಹೀರಾತುಗಳನ್ನು ತಡೆಯುವುದು ಹೇಗೆ? ಮೊದಲು ಅವು ಬರುವ ದಾರಿಯನ್ನು ಗುರುತಿಸಿ

ಏಕಾದಶಿ ಯಾವತ್ತು ಎಂದು ನೋಡಲು ಪಂಚಾಂಗದ ಆಪ್ ತೆರೆದ ನಮ್ಮ ಅತ್ತೆಯವರಿಗೆ ತಿಥಿ ಕಾಣುವ ಮೊದಲೇ ಸಾಲ ಕೊಡುವವರ ಜಾಹೀರಾತೊಂದು ಪರದೆ ತುಂಬ ಹರಡಿಕೊಳ್ಳುತ್ತಿತ್ತು. ಅದನ್ನು ಮುಚ್ಚುವ ಗುರುತು ಎಳ್ಳಿನಷ್ಟು ಚಿಕ್ಕದು. ಬೆರಳು ಕೂದಲೆಳೆಯಷ್ಟು ಆಚೀಚೆಯಾದರೂ ಪ್ಲೇ ಸ್ಟೋರ್ ತೆರೆದುಕೊಳ್ಳುತ್ತಿತ್ತು. "ಇದಕ್ಕೆ ಏನೋ ವೈರಸ್ ಹೊಕ್ಕಿದೆ ಕಣೋ, ಅಂಗಡಿಗೆ ಕೊಟ್ಟು ಬಾ" ಎಂದು ಅವರು ಫೋನನ್ನು ನನ್ನ ಕೈಗಿತ್ತರು. ವೈರಸ್ ಇರಲಿಲ್ಲ. ಪಂಚಾಂಗದ ಜಾಹೀರಾತನ್ನು ನಿಲ್ಲಿಸಲು ಫೋನಿನಲ್ಲೇ ಇರುವ ಒಂದು ಸೆಟ್ಟಿಂಗ್ ಸಾಕಾಯಿತು. ಆದರೆ ಯೂಟ್ಯೂಬ್ ಜಾಹೀರಾತುಗಳ ಮೇಲೆ ಅದೇ ಸೆಟ್ಟಿಂಗ್ ಯಾವ ಪರಿಣಾಮವನ್ನೂ ಬೀರಲಿಲ್ಲ, ಮತ್ತು ಹೋಮ್ ಸ್ಕ್ರೀನಿನಲ್ಲಿ ತಾನಾಗಿ ಎದ್ದು ಬರುತ್ತಿದ್ದ ಇನ್ನೊಂದು ಬಗೆಯ ಜಾಹೀರಾತಿಗೆ ಎಂದೋ ಹಾಕಿಕೊಂಡು ಮರೆತಿದ್ದ ಒಂದು ಟಾರ್ಚ್ ಆಪ್ ಕಾರಣವಾಗಿತ್ತು.

ಒಂದೇ ಫೋನಿನಲ್ಲಿ ಹೀಗೆ ಮೂರು ಬೇರೆ ಬೇರೆ ದಾರಿಗಳಿಂದ ಜಾಹೀರಾತು ಬರುತ್ತಿರುತ್ತದೆ. ಫೋನಿಗೆ ಸೇರಿಕೊಂಡ ಯಾವುದೋ ಆಪ್ ಅಥವಾ ಫೋನ್ ತಯಾರಿಸಿದ ಕಂಪನಿಯೇ ತೋರಿಸುವುದು ಒಂದು. ನೀವು ತೆರೆದ ಆಪ್ ಅಥವಾ ವೆಬ್‌ಸೈಟು ಹೊರಗಿನ ಜಾಹೀರಾತು ಜಾಲದ ಸರ್ವರ್‌ನಿಂದ ತರಿಸಿಕೊಂಡು ತೋರಿಸುವುದು ಎರಡನೆಯದು. ಯೂಟ್ಯೂಬ್, ಇನ್‌ಸ್ಟಾಗ್ರಾಮ್‌ಗಳಂತೆ ತನ್ನ ಸ್ವಂತ ಸರಕಿನೊಂದಿಗೇ ಬೆರೆಸಿ ಕಳಿಸುವುದು ಮೂರನೆಯದು. ಇದನ್ನು ಬೇರ್ಪಡಿಸಿ ನೋಡದೆ 'ಆಡ್ ಬ್ಲಾಕರ್' ಎಂದು ಪ್ಲೇ ಸ್ಟೋರಿನಲ್ಲಿ ಹುಡುಕಿ ಸಿಕ್ಕ ಮೊದಲ ಆಪನ್ನು ಹಾಕಿಕೊಂಡವರು, ಜಾಹೀರಾತು ತಡೆಯುವ ಹೆಸರಿನಲ್ಲಿ ಜಾಹೀರಾತು ತೋರಿಸುವ ಮತ್ತೊಂದು ಆಪನ್ನು ಸಾಕಿಕೊಳ್ಳುವ ಸಾಧ್ಯತೆಯೇ ಹೆಚ್ಚು.

ಮೊದಲನೆಯ ದಾರಿಯಿಂದ ಆರಂಭಿಸೋಣ. ಯಾವ ಆಪನ್ನೂ ತೆರೆಯದೆ ಫೋನ್ ಸುಮ್ಮನೆ ಕೈಯಲ್ಲಿರುವಾಗ ಪೂರ್ಣ ಪರದೆಯ ಜಾಹೀರಾತು ಕಾಣಿಸಿಕೊಂಡರೆ ಅದು ಫೋನಿನೊಳಗಿನ ಆಪ್‌ನ ಕೆಲಸವೇ ಸರಿ. ಟಾರ್ಚ್, ಕ್ಯೂಆರ್ ಸ್ಕ್ಯಾನರ್, ಕ್ಲೀನರ್, ವಾಲ್‌ಪೇಪರ್, ಕೀಬೋರ್ಡ್ ಇಂಥವುಗಳ ಮೇಲೆ ಮೊದಲು ಸಂಶಯಪಡಿ. ಪ್ಲೇ ಸ್ಟೋರಿನಿಂದ ಬಂದದ್ದೆಂಬ ಮಾತ್ರಕ್ಕೆ ಆಪ್ ಸಭ್ಯವೆಂದು ಹೇಳಲಾಗದು: 2020ರ ಫೆಬ್ರವರಿಯಲ್ಲಿ ಗೂಗಲ್ ಇಂಥದೇ ಕಿರುಕುಳದ ಜಾಹೀರಾತುಗಳ ಕಾರಣಕ್ಕೆ ಸುಮಾರು 600 ಆಪ್‌ಗಳನ್ನು ಒಟ್ಟಿಗೆ ತೆಗೆದುಹಾಕಿತ್ತು. ಜಾಹೀರಾತು ಬಂದಾಗ ಅದನ್ನು ಮುಚ್ಚುವ ಆತುರ ಬೇಡ. ಇತ್ತೀಚಿನ ಆಪ್‌ಗಳನ್ನು ತೋರಿಸುವ ಬಟನ್ ಒತ್ತಿ, ಅಥವಾ ಕೆಳಗಿನಿಂದ ಮೇಲಕ್ಕೆ ಎಳೆದು ಹಿಡಿಯಿರಿ. ಆಗ ಜಾಹೀರಾತಿನ ಕಾರ್ಡಿನ ಮೇಲ್ಭಾಗದಲ್ಲಿ ಅದನ್ನು ತೋರಿಸುತ್ತಿರುವ ಆಪ್‌ನ ಚಿಹ್ನೆ ಇರುತ್ತದೆ. ಆ ಚಿಹ್ನೆಯ ಮೇಲೆ ಬೆರಳಿಟ್ಟು 'ಆಪ್ ಇನ್ಫೋ'ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ.

ಕೆಲವು ಆಪ್‌ಗಳು ಚಿಹ್ನೆಯನ್ನೂ ಹೆಸರನ್ನೂ ಖಾಲಿಯಾಗಿಟ್ಟು ತಪ್ಪಿಸಿಕೊಳ್ಳುತ್ತವೆ. ಆಗ ಸೆಟ್ಟಿಂಗ್ಸ್‌ನ ಆಪ್ಸ್ ವಿಭಾಗದಲ್ಲಿ 'ಸ್ಪೆಷಲ್ ಆಪ್ ಆಕ್ಸೆಸ್', ಅದರೊಳಗೆ 'ಡಿಸ್‌ಪ್ಲೇ ಓವರ್ ಅದರ್ ಆಪ್ಸ್' ತೆರೆದು, ಬೇರೆ ಆಪ್‌ಗಳ ಮೇಲೆ ಚಿತ್ರ ಮೂಡಿಸುವ ಅನುಮತಿ ಯಾರ್‍ಯಾರಿಗಿದೆ ಎಂದು ನೋಡಿ. ಕರೆ ಮಾಡುವವರ ಹೆಸರು ತೋರಿಸುವ ಆಪ್‌ಗೆ ಈ ಅನುಮತಿ ಬೇಕಾಗಬಹುದು. ಟಾರ್ಚಿಗೆ ಬೇಕಾಗುವ ಪ್ರಮೇಯವೇ ಇಲ್ಲ. ಅನ್‌ಇನ್‌ಸ್ಟಾಲ್ ಬಟನ್ ಮಸುಕಾಗಿ ಒತ್ತಲು ಬಾರದಂತಿದ್ದರೆ ಆ ಆಪ್ 'ಡಿವೈಸ್ ಅಡ್ಮಿನ್' ಅಧಿಕಾರ ಪಡೆದಿರಬಹುದು, ಸೆಕ್ಯುರಿಟಿ ವಿಭಾಗದಲ್ಲಿ ಮೊದಲು ಅದನ್ನು ಕಿತ್ತುಕೊಳ್ಳಬೇಕು.

"ನಿಮ್ಮ ಫೋನಿನಲ್ಲಿ 5 ವೈರಸ್‌ಗಳಿವೆ" ಎಂಬ ಧಾಟಿಯ ನೋಟಿಫಿಕೇಶನ್‌ಗಳು ಇದಕ್ಕಿಂತ ಸುಲಭದ ವಿಷಯ. ಯಾವುದೋ ವೆಬ್‌ಸೈಟು ಕೇಳಿದಾಗ ನೀವು ಗಮನಿಸದೆ 'ಅಲೋ' ಒತ್ತಿರುತ್ತೀರಿ, ಅಷ್ಟೆ. ಆ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದರೆ ಕ್ರೋಮ್ ಬ್ರೌಸರಿನ ಹೆಸರಿನ ಜೊತೆಗೆ ಸೈಟಿನ ಹೆಸರೂ ಕಾಣುತ್ತದೆ. ಅಲ್ಲಿಯೇ ಆಫ್ ಮಾಡಬಹುದು. ಫೋನ್ ಕಂಪನಿಯೇ ತೋರಿಸುವ ಜಾಹೀರಾತುಗಳಿಗೆ ಸ್ವಲ್ಪ ಹುಡುಕಾಟ ಬೇಕು, ಏಕೆಂದರೆ ಅವುಗಳ ಸ್ವಿಚ್ಚು ಒಂದೊಂದು ಕಂಪನಿಯ ಫೋನಿನಲ್ಲಿ ಒಂದೊಂದು ಮೂಲೆಯಲ್ಲಿರುತ್ತದೆ. ಶಓಮಿ ಫೋನುಗಳಲ್ಲಿ 'ಆಥರೈಸೇಶನ್ ಅಂಡ್ ರಿವೊಕೇಶನ್' ಎಂಬಲ್ಲಿ 'ಎಂಎಸ್‌ಎ' ಎಂಬ ಹೆಸರಿನ ಎದುರಿನ ಗುಂಡಿಯನ್ನು ಆಫ್ ಮಾಡಬೇಕು. ಖಚಿತವೇ ಎಂದು ಕೇಳಿ ಕೆಲವು ಸೆಕೆಂಡು ಕಾಯಿಸುತ್ತದೆ, ತಾಳ್ಮೆಯಿಂದಿರಿ. ಲಾಕ್ ಸ್ಕ್ರೀನಿನಲ್ಲಿ ಪ್ರತಿಸಲ ಹೊಸ ಚಿತ್ರ, ಸುದ್ದಿ, ಆಟ ತೋರಿಸುವ 'ಗ್ಲಾನ್ಸ್' ನಮ್ಮ ಬೆಂಗಳೂರಿನ ಇನ್‌ಮೊಬಿಯದೇ ಕೂಸು. ಅದು ಬೇಡವಾದರೆ ಸೆಟ್ಟಿಂಗ್ಸ್‌ನ ಲಾಕ್ ಸ್ಕ್ರೀನ್ ಅಥವಾ ವಾಲ್‌ಪೇಪರ್ ವಿಭಾಗದಲ್ಲಿ ನಿಲ್ಲಿಸಬಹುದು.

ಈಗ ಎರಡನೆಯ ದಾರಿ. ಹೆಚ್ಚಿನವರ ತಲೆನೋವು ಇದೇ, ಮತ್ತು ಅತ್ಯಂತ ಅಗ್ಗದ ಮದ್ದು ಇರುವುದೂ ಇದಕ್ಕೇ. ಒಂದು ಆಪ್ ಜಾಹೀರಾತು ತರಿಸಬೇಕಾದರೆ ಮೊದಲು ಆ ಜಾಹೀರಾತು ಸರ್ವರ್‌ನ ಹೆಸರನ್ನು ಡಿಎನ್‌ಎಸ್ ಎಂಬ ವಿಳಾಸ ಪುಸ್ತಕಕ್ಕೆ ಕೊಟ್ಟು, ಅದರ ಸಂಖ್ಯಾರೂಪದ ವಿಳಾಸ ಪಡೆಯಬೇಕು. ಸಾಮಾನ್ಯವಾಗಿ ಈ ಪುಸ್ತಕ ನಿಮ್ಮ ಮೊಬೈಲ್ ಕಂಪನಿಯದ್ದಾಗಿರುತ್ತದೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತದೆ. ಅದರ ಬದಲು, ಜಾಹೀರಾತು ಸರ್ವರ್‌ಗಳ ಹೆಸರು ಕೇಳಿದಾಗ ಮಾತ್ರ ನಿಜವಾದ ವಿಳಾಸ ಕೊಡದ ಪುಸ್ತಕವನ್ನು ಬಳಸುವಂತೆ ಫೋನಿಗೆ ಹೇಳಿದರೆ, ಆಪ್ ಎಂದಿನಂತೆ ಕೆಲಸ ಮಾಡುತ್ತದೆ, ಜಾಹೀರಾತಿನ ಜಾಗ ಖಾಲಿ ಉಳಿಯುತ್ತದೆ. 2018ರಲ್ಲಿ ಬಂದ ಆಂಡ್ರಾಯ್ಡ್ 9ರಿಂದ ಈಚಿನ ಫೋನುಗಳಲ್ಲಿ ಇದಕ್ಕೆ 'ಪ್ರೈವೇಟ್ ಡಿಎನ್‌ಎಸ್' ಎಂಬ ಸೌಲಭ್ಯ ಇದೆ. ಫೋನಿನ ಭಾಷೆ ಕನ್ನಡವಾಗಿದ್ದರೆ 'ಖಾಸಗಿ ಡಿಎನ್‌ಎಸ್' ಎಂದು ಹುಡುಕಿ.

ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ವಿಭಾಗಕ್ಕೆ ಹೋಗಿ. ಸ್ಯಾಮ್‌ಸಂಗ್ ಫೋನಾದರೆ 'ಕನೆಕ್ಷನ್ಸ್', ಅದರ ಕೆಳಗೆ 'ಮೋರ್ ಕನೆಕ್ಷನ್ ಸೆಟ್ಟಿಂಗ್ಸ್'. ಅಲ್ಲಿ ಪ್ರೈವೇಟ್ ಡಿಎನ್‌ಎಸ್ ಒತ್ತಿದಾಗ ಮೂರು ಆಯ್ಕೆಗಳು ಕಾಣುತ್ತವೆ: ಆಫ್, ಆಟೊಮ್ಯಾಟಿಕ್, ಮತ್ತು ಸೇವೆ ಕೊಡುವವರ ಹೋಸ್ಟ್‌ನೇಮ್. ಮೂರನೆಯದನ್ನು ಆರಿಸಿ, ಕೆಳಗಿನ ಖಾಲಿ ಜಾಗದಲ್ಲಿ ಆಡ್‌ಗಾರ್ಡ್ ಸಂಸ್ಥೆಯ ಉಚಿತ ಸರ್ವರ್‌ನ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ಎಲ್ಲಿಯೂ ಜಾಗ ಬಿಡದೆ ಬರೆಯಬೇಕು: ಡಿಎನ್‌ಎಸ್, ಚುಕ್ಕಿ, ಆಡ್‌ಗಾರ್ಡ್, ಅಡ್ಡಗೆರೆ, ಡಿಎನ್‌ಎಸ್, ಚುಕ್ಕಿ, ಕಾಮ್ (dns.adguard-dns.com). ಮುಂದೆ ವೆಬ್ ವಿಳಾಸದಂತೆ ಎಚ್‌ಟಿಟಿಪಿ ಸೇರಿಸಬಾರದು. ಕೀಬೋರ್ಡು ತಾನಾಗಿ ಕೊನೆಗೊಂದು ಖಾಲಿ ಜಾಗ ಸೇರಿಸಿದ್ದರೆ ಅಳಿಸಿ, ಇಲ್ಲವಾದರೆ 'ಸೇವ್' ಬಟನ್ ಒತ್ತಲು ಬಾರದೆ ಹೋಗಬಹುದು. ಉಳಿಸಿದ ಮೇಲೆ ಆಪನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ, ಏಕೆಂದರೆ ಮೊದಲೇ ಇಳಿದು ಕುಳಿತಿರುವ ಜಾಹೀರಾತುಗಳು ಇನ್ನೂ ಒಂದೆರಡು ಸಲ ಕಾಣಿಸಿಕೊಳ್ಳಬಹುದು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಒಂದು ತಮಾಷೆಯ ಪರೀಕ್ಷೆ ಇದೆ. ಗೂಗಲ್‌ನಲ್ಲಿ ಏನಾದರೂ ಕೊಳ್ಳುವ ವಸ್ತುವನ್ನು, ಮಿಕ್ಸಿ ಎಂದೇ ಇರಲಿ, ಹುಡುಕಿ ಮೇಲ್ಗಡೆ ಬರುವ 'ಸ್ಪಾನ್ಸರ್ಡ್' ಫಲಿತಾಂಶವನ್ನು ಒತ್ತಿ. ಪುಟ ತೆರೆಯದೆ, ಸೈಟನ್ನು ತಲುಪಲಾಗುತ್ತಿಲ್ಲ ಎಂಬ ಸಂದೇಶ ಬಂದರೆ ತಡೆ ಚಾಲ್ತಿಯಲ್ಲಿದೆ ಎಂದೇ ಅರ್ಥ. ಕೆಳಗಿನ ಸಾಮಾನ್ಯ ಫಲಿತಾಂಶಗಳು ಸರಿಯಾಗಿ ತೆರೆಯುತ್ತವೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ 'ಇಂಟರ್ನೆಟ್ ಕೆಟ್ಟಿದೆ' ಎಂಬ ದೂರು ನಿಮ್ಮ ತಲೆಗೇ ಬರುತ್ತದೆ.

ಎಲ್ಲ ಮಾಡಿಯೂ ಕ್ರೋಮ್‌ನಲ್ಲಿ ಮಾತ್ರ ಜಾಹೀರಾತು ಉಳಿದುಕೊಂಡರೆ ಅದರ ಸೆಟ್ಟಿಂಗ್ಸ್‌ನ 'ಪ್ರೈವಸಿ ಅಂಡ್ ಸೆಕ್ಯುರಿಟಿ'ಯಲ್ಲಿ 'ಯೂಸ್ ಸೆಕ್ಯೂರ್ ಡಿಎನ್‌ಎಸ್' ನೋಡಿ. ಅಲ್ಲಿ ಬೇರೊಂದು ಸಂಸ್ಥೆಯನ್ನು ಆರಿಸಿಟ್ಟಿದ್ದರೆ ಕ್ರೋಮ್ ಫೋನಿನ ವಿಳಾಸ ಪುಸ್ತಕವನ್ನು ಬಿಟ್ಟು ತನ್ನದನ್ನೇ ತಿರುವಿ ನೋಡುತ್ತದೆ.

ಈ ವಿಧಾನದ ಮಿತಿಗಳನ್ನೂ ಹೇಳಬೇಕು. ಜಾಹೀರಾತು ನೋಡಿದರೆ ನಾಣ್ಯ ಕೊಡುವ ಆಟಗಳಲ್ಲಿ ಆ ನಾಣ್ಯ ಸಿಗುವುದಿಲ್ಲ. ರೈಲು ನಿಲ್ದಾಣ, ಹೋಟೆಲುಗಳ ವೈಫೈಗೆ ಒಟಿಪಿ ಕೊಟ್ಟು ಸೇರುವಾಗ ಆ ಲಾಗಿನ್ ಪುಟವೇ ತೆರೆಯದೆ ಹೋಗಬಹುದು. ಹೋಸ್ಟ್‌ನೇಮ್ ಕೊಟ್ಟಿರುವಾಗ ಫೋನ್ ಆ ಒಂದು ಸರ್ವರನ್ನೇ ಪಟ್ಟು ಹಿಡಿದು ಕೇಳುವುದರಿಂದ, ಅದು ಸಿಗದ ಕಡೆ ಬೇರೆಯದನ್ನು ಬಳಸದೆ ಇಂಟರ್ನೆಟ್ಟೇ ಇಲ್ಲದಂತೆ ನಿಂತುಬಿಡುತ್ತದೆ. ಅಂಥ ಕಡೆ ತಾತ್ಕಾಲಿಕವಾಗಿ 'ಆಟೊಮ್ಯಾಟಿಕ್'ಗೆ ಮರಳಿಸಿ. ಇನ್ನೊಂದು ಮಾತು: ನೀವು ಯಾವ ಯಾವ ಸೈಟುಗಳ ಹೆಸರು ಕೇಳಿದಿರಿ ಎಂಬುದು ವಿಳಾಸ ಪುಸ್ತಕ ಇಟ್ಟುಕೊಂಡವರಿಗೆ ತಿಳಿಯುತ್ತದೆ. ಆದ್ದರಿಂದ ಯಾರೋ ವಾಟ್ಸ್‌ಆಪ್‌ನಲ್ಲಿ ಕಳಿಸಿದ ಹೆಸರುದಿಸೆಯಿಲ್ಲದ ಹೋಸ್ಟ್‌ನೇಮನ್ನು ಅಲ್ಲಿ ತುಂಬಬೇಡಿ.

ಬ್ರೌಸರಿನೊಳಗೆ ಇದಕ್ಕಿಂತ ಚೊಕ್ಕವಾದ ಕೆಲಸ ಸಾಧ್ಯ. ಡಿಎನ್‌ಎಸ್‌ಗೆ ಹೆಸರು ಮಾತ್ರ ಗೊತ್ತು, ಪುಟದ ಒಳಗೇನಿದೆ ಎಂಬುದು ಗೊತ್ತಿಲ್ಲ. ಹಾಗಾಗಿ ಜಾಹೀರಾತು ಹೋದರೂ ಅದರ ಬಿಳಿ ಚೌಕ ಉಳಿಯುತ್ತದೆ. ಬ್ರೌಸರಿಗೆ ಸೇರಿಸಿಕೊಳ್ಳುವ ಎಕ್ಸ್‌ಟೆನ್ಶನ್ ಎಂಬ ಪುಟ್ಟ ತಂತ್ರಾಂಶ ಆ ಚೌಕವನ್ನೂ ಅಳಿಸಬಲ್ಲದು. ಆಂಡ್ರಾಯ್ಡ್‌ನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ಗಳಿಗೆ ಅವಕಾಶ ಇಲ್ಲದ ಕಾರಣ ನನ್ನ ಶಿಫಾರಸು ಫೈರ್‌ಫಾಕ್ಸ್. ಪ್ಲೇ ಸ್ಟೋರಿನಿಂದ ಅದನ್ನು ಹಾಕಿಕೊಂಡು, ಮೆನುವಿನಲ್ಲಿ ಎಕ್ಸ್‌ಟೆನ್ಶನ್ಸ್ ತೆರೆದು, ರೇಮಂಡ್ ಹಿಲ್ ಅವರ 'ಯೂಬ್ಲಾಕ್ ಒರಿಜಿನ್' ಸೇರಿಸಿ. ಹೆಸರಿನ ಎರಡೂ ಪದಗಳು ಮುಖ್ಯ. 'ಒರಿಜಿನ್' ಇಲ್ಲದ ಬರೀ 'ಯೂಬ್ಲಾಕ್' ಬೇರೆಯವರದ್ದು. ಹಾಕಿದ ಮೇಲೆ ಬೇರೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ. ಎಕ್ಸ್‌ಟೆನ್ಶನ್ನಿನ ಗೊಡವೆಯೇ ಬೇಡ ಎನ್ನುವವರಿಗೆ ಬ್ರೇವ್ ಬ್ರೌಸರಿನಲ್ಲಿ ತಡೆ ಮೊದಲೇ ಸೇರಿಕೊಂಡಿದೆ. ಕ್ರೋಮ್‌ನ ರೂಪಕ್ಕೆ ಒಗ್ಗಿದವರಿಗೆ ಅದು ಹತ್ತಿರವೆನಿಸುತ್ತದೆ. ಯಾವುದನ್ನೇ ಆರಿಸಿದರೂ ಅದನ್ನು ಡಿಫಾಲ್ಟ್ ಬ್ರೌಸರ್ ಮಾಡಿ, ಇಲ್ಲವಾದರೆ ವಾಟ್ಸ್‌ಆಪ್‌ನಲ್ಲಿ ಬಂದ ಲಿಂಕುಗಳೆಲ್ಲ ಹಳೆಯ ಬ್ರೌಸರಿಗೇ ಹೋಗುತ್ತವೆ.

ಇಲ್ಲಿ ನನ್ನದೊಂದು ಪಕ್ಷಪಾತವಿದೆ. ಕನ್ನಡದಲ್ಲಿ ಪುಸ್ತಕ ವಿಮರ್ಶೆ, ಕೃಷಿ, ಊರಿನ ಸುದ್ದಿ ಬರೆಯುವ ಚಿಕ್ಕ ತಾಣಗಳು ಹಲವು ಜಾಹೀರಾತಿನ ಅಷ್ಟಿಷ್ಟು ಕಾಸಿನಲ್ಲೇ ಉಸಿರಾಡುತ್ತಿವೆ. ಓದಲು ತೊಂದರೆ ಕೊಡದ ಅಂಥ ತಾಣಕ್ಕೆ ಹೋದಾಗ ಯೂಬ್ಲಾಕ್ ಒರಿಜಿನ್ ತೆರೆದು ಅದರ ದೊಡ್ಡ ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಆ ತಾಣಕ್ಕಷ್ಟೇ ತಡೆ ತೆರವಾಗುತ್ತದೆ, ಮುಂದೆಯೂ ಅದು ನೆನಪಿನಲ್ಲಿರುತ್ತದೆ. ನಾನು ನಾಲ್ಕಾರು ತಾಣಗಳಿಗೆ ಹೀಗೆ ಬಿಟ್ಟಿದ್ದೇನೆ. ಡಿಎನ್‌ಎಸ್ ತಡೆಯಲ್ಲಿ ಈ ಬಗೆಯ ವಿನಾಯಿತಿ ಇಷ್ಟು ಸುಲಭವಲ್ಲ.

ಆಪ್ ಆಪ್‌ಗೂ ಬೇರೆ ನಿಯಮ ಬೇಕು ಎನ್ನುವವರು ಫೋನಿನ ಇಂಟರ್ನೆಟ್ ಸಂಚಾರವನ್ನೆಲ್ಲ ತನ್ನ ಮೂಲಕ ಹಾಯಿಸುವ ವಿಪಿಎನ್‌ನಂತೆ ಫೋನಿನೊಳಗೇ ಕುಳಿತು ಸೋಸುವ ಆಡ್‌ಗಾರ್ಡ್, ಬ್ಲೊಕಾಡ, ಆಡ್‌ಅವೇ ಮುಂತಾದ ಆಪ್‌ಗಳನ್ನು ಬಳಸುತ್ತಾರೆ. ಬೇರೆ ಆಪ್‌ಗಳ ಜಾಹೀರಾತಿಗೆ ಅಡ್ಡಿ ಮಾಡುವವುಗಳನ್ನು ಗೂಗಲ್ 2013ರಲ್ಲೇ ಪ್ಲೇ ಸ್ಟೋರಿನಿಂದ ಹೊರಹಾಕಿದ್ದರಿಂದ ಇವುಗಳನ್ನು ತಯಾರಕರ ಸ್ವಂತ ತಾಣದಿಂದ ಅಥವಾ ಮುಕ್ತ ತಂತ್ರಾಂಶಗಳ ಆಪ್ ಭಂಡಾರವಾದ ಎಫ್-ಡ್ರಾಯ್ಡ್‌ನಿಂದ ಪಡೆಯಬೇಕು. ಆಂಡ್ರಾಯ್ಡ್‌ನಲ್ಲಿ ಒಂದು ಹೊತ್ತಿಗೆ ಒಂದೇ ವಿಪಿಎನ್ ನಡೆಯುವುದರಿಂದ ಕಚೇರಿಯ ವಿಪಿಎನ್ ಬಳಸುವವರಿಗೆ ಇದು ಹೊಂದುವುದಿಲ್ಲ; ವಿಪಿಎನ್ ಕಂಡರೆ ಮುನಿಸಿಕೊಳ್ಳುವ ಬ್ಯಾಂಕ್ ಆಪ್‌ಗಳೂ ಇವೆ. ಬಹುಮಂದಿಗೆ ಪ್ರೈವೇಟ್ ಡಿಎನ್‌ಎಸ್ ಮತ್ತು ಒಂದು ಒಳ್ಳೆಯ ಬ್ರೌಸರು ಸಾಕು ಎಂಬುದು ನನ್ನ ಅನುಭವ.

ಉಳಿದದ್ದು ಮೂರನೆಯ ದಾರಿ. ಯೂಟ್ಯೂಬ್ ಆಪ್‌ನಲ್ಲಿ ವಿಡಿಯೊ ಬರುವ ಸರ್ವರ್‌ಗಳಿಂದಲೇ ಜಾಹೀರಾತೂ ಬರುತ್ತದೆ, ಆದ್ದರಿಂದ ಹೆಸರು ನೋಡಿ ತಡೆಯಲು ಹೊರಟರೆ ವಿಡಿಯೊವೇ ನಿಲ್ಲುತ್ತದೆ. ಹಣ ಕೊಟ್ಟು ಪ್ರೀಮಿಯಂ ತೆಗೆದುಕೊಳ್ಳುವುದು ನೇರ ದಾರಿ. ಯೂಟ್ಯೂಬನ್ನು ಆಪ್ ಬಿಟ್ಟು ಫೈರ್‌ಫಾಕ್ಸ್‌ನಲ್ಲಿ ಯೂಬ್ಲಾಕ್ ಒರಿಜಿನ್ ಜೊತೆ ನೋಡುವುದು ಇನ್ನೊಂದು, ಆದರೆ ಬ್ಲಾಕರ್ ತೆಗೆಯಿರಿ ಎಂದು ಯೂಟ್ಯೂಬ್ ಆಗಾಗ ತಡೆದು ನಿಲ್ಲಿಸುವುದುಂಟು. ಜಾಹೀರಾತಿಲ್ಲದ ಯೂಟ್ಯೂಬ್ ಎಂದು ಪ್ಲೇ ಸ್ಟೋರಿನ ಹೊರಗೆ ಹಂಚುವ ಎಪಿಕೆ (ಆಪ್ ಹಾಕಿಕೊಳ್ಳುವ) ಫೈಲುಗಳಿಂದ ದೂರವಿರಿ: ಹೆಸರುವಾಸಿಯಾಗಿದ್ದ 'ವ್ಯಾನ್ಸ್ಡ್' 2022ರ ಮಾರ್ಚ್‌ನಲ್ಲೇ ಬಾಗಿಲು ಮುಚ್ಚಿತು, ಅದರ ಹೆಸರಿನಲ್ಲಿ ಈಗ ಸಿಗುವ ಫೈಲಿಗೆ ನಿಮ್ಮ ಗೂಗಲ್ ಪಾಸ್‌ವರ್ಡ್ ಕೊಡುವುದು ಬೀಗದ ಕೈಯನ್ನು ದಾರಿಹೋಕನ ಕೈಗಿಟ್ಟಂತೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಆಪ್‌ಗಳ ಪೋಸ್ಟುಗಳ ನಡುವಿನ ಜಾಹೀರಾತುಗಳಿಗೂ ಡಿಎನ್‌ಎಸ್ ನಾಟುವುದಿಲ್ಲ. ಸೆಟ್ಟಿಂಗ್ಸ್‌ನ ಗೂಗಲ್ ವಿಭಾಗದಲ್ಲಿ, 'ಆಡ್ಸ್' ಎಂಬಲ್ಲಿ 'ಡಿಲೀಟ್ ಅಡ್ವರ್ಟೈಸಿಂಗ್ ಐಡಿ' ಒತ್ತಿದರೆ ಆಪ್‌ಗಳು ನಿಮ್ಮನ್ನು ಹಿಂಬಾಲಿಸಲು ಬಳಸುವ ಒಂದು ಗುರುತು ಅಳಿಯುತ್ತದೆ. ಜಾಹೀರಾತುಗಳ ಸಂಖ್ಯೆ ಅದರಿಂದ ಕಡಿಮೆಯಾಗದು.

ಅತ್ತೆಯವರ ಫೋನಿನಲ್ಲಿ ಇಷ್ಟೆಲ್ಲ ಮಾಡಿಕೊಟ್ಟ ಮರುವಾರ ರೈಲು ನಿಲ್ದಾಣದಿಂದ ಕರೆ ಬಂತು, ವೈಫೈ ಸಿಕ್ಕರೂ ಏನೂ ತೆರೆಯುತ್ತಿಲ್ಲವೆಂದು. ಪ್ರೈವೇಟ್ ಡಿಎನ್‌ಎಸ್ ಎಲ್ಲಿದೆ, ಅದನ್ನು 'ಆಟೊಮ್ಯಾಟಿಕ್' ಮಾಡುವುದು ಹೇಗೆ ಎಂದು ನಾನು ತೋರಿಸಿಯೇ ಇರಲಿಲ್ಲ. ಈಗ ಆ ಮೂರು ಹೆಜ್ಜೆಗಳನ್ನು ಬರೆದ ಚೀಟಿಯೊಂದು ಅವರ ಫೋನಿನ ಕವರಿನ ಒಳಗಿದೆ. ಹಿರಿಯರ ಫೋನಿಗೆ ಈ ಸೆಟ್ಟಿಂಗ್ ಹಾಕಿಕೊಡುವವರು ಅಂಥದೊಂದು ಚೀಟಿಯನ್ನೂ ಬರೆದುಕೊಡಿ.