ಅಲಾಸ್ಕಾ ಹಡಗಿನಲ್ಲಿ ರಾತ್ರಿ ಊಟ: ನಾವು ಫಿಕ್ಸೆಡ್ ಟೈಮ್ ತಗೊಂಡಿದ್ದು ಯಾಕೆ

ಕ್ರೂಸ್ ಬುಕ್ ಮಾಡುವಾಗ ರೂಮು ಯಾವ ಮಹಡಿಯಲ್ಲಿ, ಕಿಟಕಿ ಸಾಕಾ ಬಾಲ್ಕನಿ ಬೇಕಾ ಅಂತೆಲ್ಲ ಕೇಳಿ ಮುಗಿಸಿದ ಮೇಲೆ ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆ ಬರುತ್ತೆ. ರಾತ್ರಿ ಊಟ ದಿನಾ ಒಂದೇ ಹೊತ್ತಿಗೆ ಬೇಕಾ, ಇಲ್ಲಾ ನಿಮಗೆ ಬೇಕಾದಾಗ ಬರ್ತೀರಾ? ಹೆಚ್ಚಿನವರು ಯೋಚನೆ ಮಾಡದೆ "ಬೇಕಾದಾಗ" ಅನ್ನೋದನ್ನ ಒತ್ತಿಬಿಡುತ್ತಾರೆ. ರಜೆಗೆ ಹೋಗಿ ಗಡಿಯಾರ ನೋಡೋದ್ಯಾಕೆ, ಅಲ್ವಾ? ನಾನೂ ನನ್ನ ಹೆಂಡತಿಯೂ ಇಬ್ಬರೇ ಹೋಗಿದ್ದರೆ ಅದನ್ನೇ ಒತ್ತುತ್ತಿದ್ದೆವು. ಆದರೆ ಆ ಸಲ ಜೊತೆಗೆ ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮ ಇದ್ದರು, ಇಬ್ಬರು ಮಕ್ಕಳಿದ್ದರು. ನಾವು ಹೊರಟಿದ್ದು ಸಿಯಾಟಲ್‌ನಿಂದ ಅಲಾಸ್ಕಾಗೆ, ಜೂನ್ ತಿಂಗಳಲ್ಲಿ.

ಮೊದಲು ಎರಡೂ ಹೇಗೆ ನಡೆಯುತ್ತವೆ ಅಂತ ಹೇಳಿಬಿಡುತ್ತೇನೆ. ಹಡಗಿನ ಮುಖ್ಯ ಡೈನಿಂಗ್ ಹಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಕೂರುವಷ್ಟು ಜಾಗ ಇರೋದಿಲ್ಲ. ನಮ್ಮ ಮದುವೆ ಮನೆಗಳ ಹಾಗೆ ಪಂಕ್ತಿ ಲೆಕ್ಕ. ಮೊದಲ ಪಂಕ್ತಿ ಸಂಜೆ ಐದೂವರೆ ಆರಕ್ಕೆ, ಎರಡನೆಯದು ಎಂಟು ಎಂಟೂಕಾಲಕ್ಕೆ. ಫಿಕ್ಸೆಡ್ ಅಂದರೆ ಇವೆರಡರಲ್ಲಿ ಒಂದು. ದಿನಾ ಅದೇ ಟೇಬಲ್, ಅದೇ ವೇಟರ್, ಅದೇ ಸಹಾಯಕ ವೇಟರ್. ಬೇಕಾದಾಗ ಹೋಗುವ ಫ್ಲೆಕ್ಸಿಬಲ್ ವ್ಯವಸ್ಥೆಗೆ ಒಂದೊಂದು ಕ್ರೂಸ್ ಕಂಪನಿಯವರದು ಒಂದೊಂದು ಹೆಸರು. ರಾಯಲ್ ಕೆರಿಬಿಯನ್‌ನವರು ಮೈ ಟೈಮ್ ಅನ್ನುತ್ತಾರೆ, ಕಾರ್ನಿವಲ್‌ನವರು ಯುವರ್ ಟೈಮ್ ಅನ್ನುತ್ತಾರೆ. ಅದರಲ್ಲಿ ಹಾಲ್ ತೆರೆದಿರುವಾಗ ಯಾವಾಗ ಬೇಕಾದರೂ ಹೋಗಬಹುದು, ಎಲ್ಲಿ ಖಾಲಿ ಇದೆಯೋ ಅಲ್ಲಿ ಕೂರಿಸುತ್ತಾರೆ. ನಾರ್ವೇಜಿಯನ್ ಅನ್ನೋ ಕಂಪನಿಯ ಹಡಗುಗಳಲ್ಲಿ ಫಿಕ್ಸೆಡ್ ಅನ್ನೋದೇ ಇಲ್ಲ. 2000ದ ಸುಮಾರಿಗೆ ಫ್ರೀಸ್ಟೈಲ್ ಅಂತ ಶುರು ಮಾಡಿ ಹಳೆಯ ಪದ್ಧತಿಯನ್ನೇ ಕೈಬಿಟ್ಟರು. ಡಿಸ್ನಿಯವರದು ಇನ್ನೊಂದು ಥರ: ಹೊತ್ತು ಒಂದೇ, ಆದರೆ ದಿನಕ್ಕೊಂದು ಡೈನಿಂಗ್ ಹಾಲ್, ವೇಟರ್ ಮಾತ್ರ ನಿಮ್ಮ ಜೊತೆಗೇ ಬರುತ್ತಾರೆ. ನನಗೆ ಕೇಳಿದರೆ ಅದು ಬುದ್ಧಿವಂತಿಕೆ. ಊಟದಲ್ಲಿ ನಿಜವಾಗಿ ಮುಖ್ಯ ಆಗೋದು ಗಂಟೆ ಅಲ್ಲ, ವೇಟರ್.

ಇದು ನಮ್ಮಂಥ ಸಸ್ಯಾಹಾರಿಗಳಿಗೆ ಇನ್ನೂ ಜಾಸ್ತಿ ಅನ್ವಯಿಸುತ್ತೆ. ಮೆನುವಿನಲ್ಲಿ ವೆಜ್ ಅಂತ ಬರೆದಿರುವುದು ಇರುತ್ತೆ, ಇಲ್ಲ ಅಂತಲ್ಲ. ಒಂದು ಪಾಸ್ತಾ, ಒಂದು ಸೂಪ್, ಒಂದು ಸಲಾಡ್. ಮೊದಲ ದಿನ ಚೆನ್ನಾಗಿರುತ್ತೆ. ಮೂರನೇ ದಿನ ಅಪ್ಪ ಆ ಪಾಸ್ತಾವನ್ನು ಫೋರ್ಕಿನಲ್ಲಿ ಆ ಕಡೆ ಈ ಕಡೆ ತಳ್ಳುತ್ತಾ ಕೂತಿರುತ್ತಾರೆ. ಆದರೆ ದೊಡ್ಡ ಹಡಗುಗಳ ಅಡುಗೆಮನೆಯಲ್ಲಿ ಸಾಮಾನ್ಯವಾಗಿ ಭಾರತದ ಅಡುಗೆಯವರು ಇರುತ್ತಾರೆ. ಕೇಳಿದರೆ ದಾಲ್, ಪಲ್ಯ, ಅನ್ನ, ರೊಟ್ಟಿ ಮಾಡಿಕೊಡುತ್ತಾರೆ. ಮೆನುವಿನಲ್ಲಿ ಬರೆದಿರುವುದಿಲ್ಲ ಅಷ್ಟೆ. ಹಿಂದಿನ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಬೇಕು. ಅವರು ಬರೆದುಕೊಂಡು ಅಡುಗೆಮನೆಗೆ ಕಳಿಸುತ್ತಾರೆ, ಮರುದಿನ ನಿಮ್ಮ ಟೇಬಲ್ಲಿಗೆ ಬರುತ್ತೆ. "ನಿಮ್ಮ ಟೇಬಲ್" ಅಂತ ಒಂದು ಇದ್ದರೆ ಇದು ಸುಲಭ. ದಿನಾ ಬೇರೆ ಬೇರೆ ಮೂಲೆಯಲ್ಲಿ ಬೇರೆ ಬೇರೆ ವೇಟರ್ ಹತ್ತಿರ ಕೂತರೆ ಮೊಟ್ಟೆ ಇಲ್ಲ, ಮೀನು ಸಾಸ್ ಇಲ್ಲ, ಚಿಕನ್ ಸ್ಟಾಕ್ ಇಲ್ಲ ಅಂತ ದಿನಾ ಶುರುವಿಂದ ಶುರು ಮಾಡಬೇಕು.

ನಮ್ಮ ಹೆಡ್ ವೇಟರ್ ಗೋವಾದವರು, ವೇಟರ್ ಇಂಡೋನೇಷ್ಯಾದವರು. ಮೊದಲ ರಾತ್ರಿ ಅಮ್ಮ ತಮ್ಮ ದೂರದರ್ಶನ ಕಾಲದ ಹಿಂದಿಯಲ್ಲಿ ಹೆಡ್ ವೇಟರ್ ಹತ್ತಿರ ಮಾತಾಡಿ, ಕೊನೆಗೆ ಸ್ವಲ್ಪ ಮೊಸರು ಅನ್ನ ಸಿಕ್ಕಿದರೆ ಸಾಕಪ್ಪ ಅಂದರು. ಎರಡನೇ ರಾತ್ರಿ ನಾವು ಹೋಗಿ ಕೂರುವ ಮುಂಚೆಯೇ ಅಮ್ಮನ ಜಾಗದಲ್ಲಿ ಒಂದು ಬಟ್ಟಲು ಬಿಳಿ ಅನ್ನ, ಪಕ್ಕದಲ್ಲಿ ಸಪ್ಪೆ ಯೋಗರ್ಟ್, ಒಂದು ಪುಟ್ಟ ತಟ್ಟೆಯಲ್ಲಿ ಉಪ್ಪು, ಉದ್ದಕ್ಕೆ ಸೀಳಿದ ಎರಡು ಹಸಿಮೆಣಸಿನಕಾಯಿ. ಅಮ್ಮ ಅಲ್ಲೇ ಕೈಯಲ್ಲಿ ಕಲಸಿಕೊಂಡರು. ಆ ಇಂಡೋನೇಷ್ಯಾದ ಹುಡುಗ ನಗುತ್ತಾ, ನಮ್ಮೂರಲ್ಲೂ ಕೈಯಲ್ಲೇ ತಿನ್ನೋದು ಅಂದ. ಅಲ್ಲಿಂದ ಮುಂದೆ ಅಮ್ಮನಿಗೆ ಆ ಹಾಲ್‌ನ ಝೂಮರ್ ದೀಪಗಳ ಸಂಕೋಚ ಹೋಯಿತು.

ಮಧ್ಯೆ ಏಕಾದಶಿ ಬಂತು. ಅಮ್ಮ ಅವತ್ತು ಅನ್ನ, ಗೋಧಿ, ಬೇಳೆ ಯಾವುದನ್ನೂ ಮುಟ್ಟುವುದಿಲ್ಲ, ಬರೀ ಫಲಾಹಾರ. ಇದನ್ನ ಹಡಗಿನಲ್ಲಿ ಯಾರಿಗೆ ಹೇಗೆ ಹೇಳೋದು ಅಂತ ನನಗೆ ಚಿಂತೆ. ಹಿಂದಿನ ದಿನ ಹೆಡ್ ವೇಟರ್ ಮರುದಿನದ ಮೆನು ಹಿಡಿದು ಬಂದಾಗ ಹೇಳಿದೆ. ಅವರಿಗೆ ಅರ್ಧ ಹೇಳುವಷ್ಟರಲ್ಲೇ ಅರ್ಥ ಆಯಿತು, ಈ ಹಡಗಿನಲ್ಲಿ ಜೈನರು ಬರುತ್ತಾರಲ್ಲ, ಅಭ್ಯಾಸ ಇದೆ ಅಂದರು. ಮರುದಿನ ಬೇಯಿಸಿದ ಗೆಣಸು, ಆಲೂಗಡ್ಡೆ, ಹಣ್ಣು, ಮೊಸರು, ಒಂದು ಹಿಡಿ ಬಾದಾಮಿ ಬಂತು. ಇದನ್ನ ಫ್ಲೆಕ್ಸಿಬಲ್‌ನಲ್ಲಿ ಮಾಡೋಕೆ ಆಗಲ್ಲ ಅಂತಲ್ಲ. ಆಗುತ್ತೆ, ಆದರೆ ನೀವೇ ಹಿಂದೆ ಬಿದ್ದು ಓಡಾಡಬೇಕು.

ಇನ್ನು ಅಪ್ಪನ ವಿಷಯ. ಅವರಿಗೆ ಶುಗರ್ ಇದೆ, ಊಟಕ್ಕೆ ಅರ್ಧ ಗಂಟೆ ಮುಂಚೆ ಮಾತ್ರೆ. ಮಾತ್ರೆ ತಗೊಂಡ ಮೇಲೆ ಊಟ ತಡ ಆಗಬಾರದು. ಫ್ಲೆಕ್ಸಿಬಲ್ ಹಾಲ್‌ನ ಬಾಗಿಲಲ್ಲಿ ಆರೂವರೆಯಿಂದ ಏಳೂವರೆವರೆಗೆ ನಿಂತಿರುವ ಸಾಲನ್ನ ನಾನು ಬೇರೆ ಪ್ರಯಾಣದಲ್ಲಿ ನೋಡಿದ್ದೆ. ಆರು ಜನಕ್ಕೆ ಟೇಬಲ್ ಅಂದರೆ ಇನ್ನೂ ಕಷ್ಟ, ಇಬ್ಬರಿಗೆ ಬೇಗ ಸಿಗುತ್ತೆ. ಮಾತ್ರೆ ಯಾವಾಗ ನುಂಗೋದು ಅಂತ ಸಾಲಿನಲ್ಲಿ ನಿಂತು ಲೆಕ್ಕ ಹಾಕೋದು ಯಾರಿಗೆ ಬೇಕು? ಮನೆಯಲ್ಲಿ ಶುಗರ್ ಇರುವ ಹಿರಿಯರಿದ್ದರೆ ಕಣ್ಣು ಮುಚ್ಚಿಕೊಂಡು ಫಿಕ್ಸೆಡ್ ತಗೊಳ್ಳಿ ಅಂತಲೇ ನಾನು ಹೇಳೋದು.

ಐದೂವರೆ ತೀರಾ ಬೇಗ ಆಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಆ ಹೊತ್ತಿಗೆ ನಮ್ಮಲ್ಲಿ ಕಾಫಿ ಜೊತೆ ಕೋಡುಬಳೆ ಮುರಿಯೋ ಸಮಯ, ಊಟದ ಸಮಯ ಅಲ್ಲ, ನಿಜ. ಆದರೆ ಅಲಾಸ್ಕಾದ ವಿಷಯದಲ್ಲಿ ಎರಡು ಸಂಗತಿ ಇದೆ. ಒಂದು, ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಹೊರಟ ಒಂದೆರಡು ದಿನದಲ್ಲಿ ಹಡಗಿನ ಗಡಿಯಾರವನ್ನ ಹಿಂದಕ್ಕೆ ತಿರುಗಿಸುತ್ತಾರೆ. ಹಡಗಿನಲ್ಲಿ ಐದೂವರೆ ಆದಾಗ ಸಿಯಾಟಲ್ ಟೈಮಿಗೆ ಒಗ್ಗಿದ ಹೊಟ್ಟೆಗೆ ಆರೂವರೆ. ನಾವು ಮಧ್ಯಾಹ್ನದ ಊಟವನ್ನ ಹನ್ನೆರಡರೊಳಗೆ ಮುಗಿಸುತ್ತಿದ್ದೆವು, ಮೂರಕ್ಕೆ ಕಾಫಿ, ಐದೂವರೆಗೆ ಸರಿಯಾಗಿ ಹಸಿವು. (ಫೋನ್ ಏರೋಪ್ಲೇನ್ ಮೋಡ್‌ನಲ್ಲಿದ್ದರೆ ಅದರ ಗಡಿಯಾರ ತಾನಾಗೇ ಬದಲಾಗದೆ ಇರಬಹುದು. ಹಡಗಿನ ಗಡಿಯಾರವನ್ನೇ ನೋಡಿ.)

ಎರಡನೆಯದು ಬೆಳಕು. ಜೂನ್‌ನಲ್ಲಿ ಜುನೋ ಊರಲ್ಲಿ ಸೂರ್ಯ ಮುಳುಗೋದು ರಾತ್ರಿ ಹತ್ತಕ್ಕೆ. ಏಳಕ್ಕೆ ಊಟ ಮುಗಿಸಿ ಮೇಲಿನ ಡೆಕ್‌ಗೆ ಹೋದರೆ ಇನ್ನೂ ಮೂರು ಗಂಟೆ ಬೆಳಕು. ಎರಡೂ ಕಡೆ ಕಡು ಹಸಿರು ಬೆಟ್ಟ, ತಲೆಯ ಮೇಲೆ ಹಿಮ, ಅದೃಷ್ಟ ಇದ್ದರೆ ತಿಮಿಂಗಿಲದ ಬಾಲ. ನಾವು ದಿನಾ ಊಟ ಆದ ಮೇಲೆ ಸ್ವೆಟರ್ ಹಾಕಿಕೊಂಡು ಮೇಲೆ ಹೋಗಿ ಕೂರುತ್ತಿದ್ದೆವು. ಎಂಟರ ಪಂಕ್ತಿಯವರು ಆ ಹೊತ್ತಿನಲ್ಲಿ ಒಳಗೆ ಕೂತು ಡೆಸರ್ಟ್‌ಗೆ ಕಾಯುತ್ತಿರುತ್ತಾರೆ. ಅಲಾಸ್ಕಾಗೆ ಬೇಸಿಗೆಯಲ್ಲಿ ಹೋಗೋದಾದರೆ ಎಂಟರ ಪಂಕ್ತಿ ನನಗಂತೂ ದಂಡ ಅನ್ನಿಸುತ್ತೆ.

ಎಂಟರ ಪಂಕ್ತಿಗೆ ಇನ್ನೊಂದು ತೊಡಕು ವಿಕ್ಟೋರಿಯಾ. ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಬರುವ ಈ ಹಡಗುಗಳು ಕೆನಡಾದ ವಿಕ್ಟೋರಿಯಾದಲ್ಲಿ ಯಾಕೆ ನಿಲ್ಲುತ್ತವೆ ಗೊತ್ತಾ? 1886ರ ಒಂದು ಅಮೆರಿಕನ್ ಕಾನೂನಿನಿಂದಾಗಿ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ಬರೀ ಅಮೆರಿಕದ ಬಂದರುಗಳನ್ನೇ ಸುತ್ತಿಸಿ ಪ್ರಯಾಣಿಕರನ್ನ ವಾಪಸ್ ಬಿಡುವ ಹಾಗಿಲ್ಲ, ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಬಹಳಷ್ಟು ಹಡಗುಗಳು ಅದನ್ನ ಕೊನೆಯ ಸಂಜೆಗೆ ಇಟ್ಟುಕೊಂಡಿರುತ್ತವೆ, ರಾತ್ರಿ ಕೆಲವೇ ಗಂಟೆ. ಇಳಿದು ಊರು ನೋಡಬೇಕು ಅಂದರೆ ಎಂಟರ ಊಟ ಬಿಡಬೇಕು. ನಾವು ಬೇಗ ಊಟ ಮುಗಿಸಿ ಆರಾಮಾಗಿ ಇಳಿದೆವು. ಅಂದಹಾಗೆ ಭಾರತದ ಪಾಸ್‌ಪೋರ್ಟ್‌ನಲ್ಲಿ ಬರುವ ಅಪ್ಪ ಅಮ್ಮಂದಿರಿಗೆ ಈ ಕಾರಣಕ್ಕೇ ಕೆನಡಾ ವೀಸಾ ಕೂಡ ಬೇಕಾಗುತ್ತೆ, ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿ ಆಗಿರಬೇಕು. ಊಟದ ಟೈಮ್ ಯೋಚಿಸುವ ಮುಂಚೆ ಅದನ್ನ ನೋಡಿಕೊಳ್ಳಿ.

ಫಿಕ್ಸೆಡ್‌ನಲ್ಲಿ ತೊಂದರೆನೇ ಇಲ್ಲ ಅಂತೇನಲ್ಲ. ಜುನೋದಲ್ಲಿ ನಮ್ಮ ಹಡಗು ರಾತ್ರಿವರೆಗೂ ನಿಂತಿತ್ತು. ತಿಮಿಂಗಿಲ ನೋಡುವ ದೋಣಿಯಿಂದ ಇಳಿಯುವ ಹೊತ್ತಿಗೆ ಏಳಾಗಿತ್ತು, ನಮ್ಮ ಪಂಕ್ತಿ ಎದ್ದು ಹೋಗಿತ್ತು. ಅವತ್ತು ಎಲ್ಲರೂ ಬಫೆಯಲ್ಲಿ ತಿಂದೆವು. ಹಿಂದಿನ ದಿನವೇ ನಾಳೆ ಬರಲ್ಲ ಅಂತ ವೇಟರ್‌ಗೆ ಹೇಳಿದ್ದೆವು, ಇಲ್ಲದಿದ್ದರೆ ಪಾಪ ಅಮ್ಮನ ಮೊಸರನ್ನ ಇಟ್ಟುಕೊಂಡು ಕಾಯುತ್ತಿದ್ದ. ಮಕ್ಕಳಿಗೆ ಒಂದೂವರೆ ಗಂಟೆ ಒಂದೇ ಕಡೆ ಕೂರೋದು ಹಿಂಸೆ. ಮೊದಲ ಎರಡು ದಿನ ಮಗ ಟೇಬಲ್ ಕೆಳಗೇ ಇದ್ದ. ವೇಟರ್ ಅವನಿಗೆ ಊಟವನ್ನ ಮೊದಲೇ ತಂದುಕೊಡಲು ಶುರು ಮಾಡಿದ ಮೇಲೆ ಸರಿಹೋಯಿತು. ರಾತ್ರಿ ಹತ್ತಕ್ಕೆ ಮತ್ತೆ ಹಸಿವಾದರೆ ಪಿಜ್ಜಾ ಕೌಂಟರ್ ಇರುತ್ತೆ. ನಮ್ಮ ರೂಮಿನಲ್ಲಿ ಅಂಗಡಿಯ ಪ್ಯಾಕೆಟ್ ಚಕ್ಲಿಯೂ ಇತ್ತು, ಸೀಲ್ ಒಡೆಯದ ಪ್ಯಾಕೆಟ್‌ಗಳನ್ನ ಒಳಗೆ ಬಿಡುತ್ತಾರೆ. ಎಲೆಕ್ಟ್ರಿಕ್ ಕುಕ್ಕರ್, ಕೆಟಲ್ ಮಾತ್ರ ತಗೊಂಡು ಹೋಗಬೇಡಿ, ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ.

ಬೇರೆಯವರ ಜೊತೆ ಟೇಬಲ್ ಹಂಚಿಕೊಳ್ಳೋದು ಕೆಲವರಿಗೆ ಇಷ್ಟ, ಕೆಲವರಿಗೆ ಆಗಲ್ಲ. ನಾವು ಆರು ಜನ ಇದ್ದದ್ದರಿಂದ ನಮ್ಮದೇ ಟೇಬಲ್ ಸಿಕ್ಕಿತು. ಇಬ್ಬರೇ ಹೋದರೆ ಫಿಕ್ಸೆಡ್‌ನಲ್ಲಿ ಎಂಟು ಜನರ ಟೇಬಲ್ಲಿಗೆ ಹಾಕಬಹುದು. ಬೇಡ ಅಂದರೆ ಮೊದಲೇ ಹೇಳಿ.

ಹಾಗಂತ ನಾನು ಫಿಕ್ಸೆಡ್‌ನ ಭಕ್ತ ಅಲ್ಲ. ಆಮೇಲೆ ಸ್ನೇಹಿತರ ಜೊತೆ ಚಳಿಗಾಲದಲ್ಲಿ ಕೆರಿಬಿಯನ್‌ಗೆ ಹೋದಾಗ ಬೇಕಾದಾಗ ತಿನ್ನುವ ವ್ಯವಸ್ಥೆಯನ್ನೇ ತಗೊಂಡೆವು. ಅಲ್ಲಿ ಲೆಕ್ಕವೇ ಬೇರೆ. ಬೀಚಿನಲ್ಲಿ ಒದ್ದೆಯಾಗಿ ಮರಳು ಮೆತ್ತಿಕೊಂಡು ನಾಲ್ಕಕ್ಕೆ ಹಡಗಿಗೆ ಬಂದಿರುತ್ತೀರಿ, ಐದಕ್ಕೆ ಹಡಗು ಹೊರಡುತ್ತೆ, ಆರರ ಸುಮಾರಿಗೆ ಸೂರ್ಯ ಮುಳುಗುತ್ತೆ, ಅದನ್ನೆಲ್ಲ ಬಿಟ್ಟು ಐದೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಊಟಕ್ಕೆ ಓಡೋಕೆ ಯಾರಿಗೂ ಮನಸ್ಸಿರುವುದಿಲ್ಲ. ಎಲ್ಲರೂ ಗಟ್ಟಿ ವಯಸ್ಸಿನವರು, ಮಾತ್ರೆ ಇಲ್ಲ, ಪಥ್ಯ ಇಲ್ಲ. ಅಲ್ಲಿ ಒಂದು ಉಪಾಯ ಮಾಡಿದೆವು, ನಿಮಗೂ ಉಪಯೋಗಕ್ಕೆ ಬರಬಹುದು. ಮೊದಲ ರಾತ್ರಿ ಸಿಕ್ಕ ವೇಟರ್ ಇಷ್ಟ ಆದರೆ ಅವರ ಹೆಸರು, ಟೇಬಲ್ ನಂಬರ್ ಬರೆದುಕೊಳ್ಳಿ. ಮರುದಿನ ಬಾಗಿಲಲ್ಲಿ ಇವರ ಟೇಬಲ್ಲೇ ಬೇಕು ಅಂತ ಕೇಳಿ. ಐದು ಹತ್ತು ನಿಮಿಷ ಕಾಯಲು ಒಪ್ಪಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಆ್ಯಪ್‌ನಲ್ಲಿ ದಿನಾ ಒಂದೇ ಹೊತ್ತಿಗೆ ಮುಂಗಡ ಬುಕ್ ಮಾಡಿಟ್ಟರೆ ಸಾಲೂ ತಪ್ಪುತ್ತೆ. ಅರ್ಧ ಫಿಕ್ಸೆಡ್ ಆಯಿತು, ನಿಜ. ಆದರೆ ಒಂದು ದಿನ ತಡವಾದರೆ ಊಟ ತಪ್ಪುವುದಿಲ್ಲ.

ಟಿಪ್ಸ್ ಎರಡರಲ್ಲೂ ಒಂದೇ. ದೊಡ್ಡ ಅಮೆರಿಕನ್ ಹಡಗುಗಳಲ್ಲಿ ತಲೆಗೆ ದಿನಕ್ಕೆ 16ರಿಂದ 20 ಡಾಲರ್‌ನಷ್ಟು ತಾನಾಗೇ ಬಿಲ್ಲಿಗೆ ಸೇರುತ್ತೆ. ನಾವು ಕೊನೆಯ ರಾತ್ರಿ ನಮ್ಮ ವೇಟರ್‌ಗೂ ಅವನ ಸಹಾಯಕನಿಗೂ ಕವರಿನಲ್ಲಿ ಸ್ವಲ್ಪ ಬೇರೆಯಾಗಿ ಕೊಟ್ಟೆವು. ಅಷ್ಟು ದಿನ ಅದೇ ಮುಖ ನೋಡಿದ ಮೇಲೆ ಹಾಗೆ ಅನ್ನಿಸುತ್ತೆ.

ಬುಕ್ ಮಾಡುವಾಗ ಬೇಗದ ಪಂಕ್ತಿ ತುಂಬಿದೆ, ವೇಟ್‌ಲಿಸ್ಟ್ ಅಂತ ಬಂದರೆ ಗಾಬರಿ ಬೇಡ. ಮೊದಲು ತುಂಬೋದು ಅದೇ, ಮಕ್ಕಳಿರುವವರು, ವಯಸ್ಸಾದವರು ಎಲ್ಲ ಅದನ್ನೇ ಕೇಳುತ್ತಾರೆ. ನಮಗೂ ಹಾಗೇ ಆಗಿತ್ತು. ಹಡಗು ಹತ್ತಿದ ದಿನ ಮಧ್ಯಾಹ್ನ ಡೈನಿಂಗ್ ಹಾಲ್ ಬಾಗಿಲಲ್ಲಿ ಟೇಬಲ್ ಬದಲಾಯಿಸುವವರಿಗೆ ಅಂತಲೇ ಒಬ್ಬರು ಪಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಎಲ್ಲರೂ ಬಫೆಗೆ ನುಗ್ಗುವ ಹೊತ್ತು ಅದು. ನಾನು ಬ್ಯಾಗ್ ಹೆಂಡತಿಯ ಕೈಗೆ ಕೊಟ್ಟು ನೇರ ಅಲ್ಲಿಗೆ ಹೋದೆ. ಅಪ್ಪನ ಮಾತ್ರೆಯ ವಿಷಯ, ಸಸ್ಯಾಹಾರದ ವಿಷಯ ಎರಡೂ ಹೇಳಿದೆ. ಹತ್ತು ನಿಮಿಷದಲ್ಲಿ ಎಂಟರಿಂದ ಐದೂವರೆಗೆ ಬದಲಾಯಿಸಿ, ಹೊಸ ಟೇಬಲ್ ನಂಬರನ್ನ ಚೀಟಿಯಲ್ಲಿ ಬರೆದುಕೊಟ್ಟರು.