ಹಗಲು ತೊಗರಿ ಲೆಕ್ಕ, ರಾತ್ರಿ ಕುನ್ನಿ ಲೆಕ್ಕ

ನನ್ನ ಕೈಯಲ್ಲಿ ಮೊದಲು ಸತ್ತ ಮೂರು ಕುನ್ನಿಗಳನ್ನು ಕೊಂದವನು ನಾನೇ. ಇದನ್ನು ಹೀಗೆ ನೇರವಾಗಿ ಬರೆಯೋದಕ್ಕೆ ನನಗೆ ನಾಲ್ಕು ವರ್ಷ ಬೇಕಾಯಿತು.

ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು ನಾನು. ತೊಗರಿ ಎಷ್ಟು ಚೀಲ ಬಂತು, ಬೇಳೆ ಎಷ್ಟು ಕ್ವಿಂಟಲ್ ಹೋಯಿತು, ಹೊಟ್ಟು ಯಾರು ಒಯ್ದರು, ಹಗಲೆಲ್ಲ ಇಷ್ಟೇ. ಒಂದು ಡಿಸೆಂಬರ್ ರಾತ್ರಿ ಮಿಲ್ ಹಿಂದಿನ ಗಟಾರದ ಪಕ್ಕ ಮೂರು ಕುನ್ನಿ ಸಿಕ್ಕವು. ನಾಯಿಮರಿಗೆ ನಮ್ಮ ಕಡೆ ಕುನ್ನಿ ಅಂತಾರೆ. ಇನ್ನೂ ಕಣ್ಣು ಬಿಟ್ಟಿರಲಿಲ್ಲ. ನಮ್ಮೂರು ಅಂದರೆ ಎಲ್ಲರಿಗೂ ಬಿಸಿಲೇ ನೆನಪಾಗುತ್ತದೆ. ಇಲ್ಲಿ ಡಿಸೆಂಬರಿನ ಬೆಳಗಿನ ಜಾವ ಎಂಥ ಥಂಡಿ ಇರುತ್ತದೆ ಅಂತ ಹೊರಗಿನವರಿಗೆ ಗೊತ್ತಿಲ್ಲ. ಮರಿಗಳು ಕೈಗೆ ತಣ್ಣಗೆ ತಾಗಿದವು, ಬಚ್ಚಲಲ್ಲಿ ಬಿದ್ದ ಸಾಬೂನಿನ ತುಂಡಿನ ಹಾಗೆ.

ಮನೆಗೆ ತಂದೆ. ಅವ್ವ ಆಕಳ ಹಾಲು ಕಾಸಿ ಕೊಟ್ಟಳು. ಕೂಸಿನ ಹಾಗೆ ಅಂಗಾತ ಮಲಗಿಸಿಕೊಂಡು, ಇಂಕ್ ಫಿಲ್ಲರ್‌ನಿಂದ ಒಂದೊಂದರ ಬಾಯಿಗೂ ಬಿಟ್ಟೆ. ಕುಡಿದವು ಅಂತ ಖುಷಿಪಟ್ಟು ಫೋಟೊ ಸಹ ತೆಗೆದೆ. ಐದು ಗಂಟೆಗೆ ಎದ್ದು ನೋಡಿದರೆ ಮೂರೂ ಸೆಟೆದುಕೊಂಡಿದ್ದವು. ಒಂದರ ಮೂಗಿನ ತುದಿಯಲ್ಲಿ ಹಾಲು ಒಣಗಿ ಬಿಳಿಯಾಗಿತ್ತು.

ಪಶುವೈದ್ಯರಿಗೆ ಫೋನ್ ಮಾಡಿ ಹೇಳಿದೆ. ಅವರು ಸಮಾಧಾನ ಹೇಳಲಿಲ್ಲ. ವಿಷಯ ಹೇಳಿದರು. ಆಗಷ್ಟೇ ಹುಟ್ಟಿದ ಮರಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳೋಕೆ ಬರುವುದಿಲ್ಲ. ಮೈ ಬಿಸಿ ಸುಮಾರು 94-95 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಕಿದ ಹಾಲು ಹೊಟ್ಟೆಯಲ್ಲಿ ಹಾಗೇ ಕೂತು ಕೊಳೆಯುತ್ತದೆ. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೊದಲು ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಡಬೇಕು. ನಿಧಾನವಾಗಿ, ತಾಸೆರಡು ತಾಸು ಹಿಡಿದರೂ ಸರಿ, ಮೈ ಬೆಚ್ಚಗಾಗಬೇಕು. ಆಮೇಲೆ ಬೋರಲು ಹಿಡಿದು ಕುಡಿಸಬೇಕು, ಅದೂ ಮರಿಗಳಿಗೆಂದೇ ಬರುವ ಹಾಲಿನ ಪುಡಿ ಕಲಸಿ. ಆಕಳ ಹಾಲು ಅವಕ್ಕೆ ತೀರಾ ತೆಳು.

"ಹಸದಾವ ಅಂತ ಹಾಲು ಹಾಕಿದ್ರಿ. ಅವಕ್ಕ ಹಸಿವಿಕಿಂತ ಥಂಡಿ ಜಾಸ್ತಿ ಆಗಿತ್ತು," ಅಂದರು ಡಾಕ್ಟ್ರು.

ಅವತ್ತಿನಿಂದ ಎಷ್ಟೋ ತಿಂಗಳು ಈ ಮಾತನ್ನು ಯಾರ ಮುಂದೆಯೂ ಆಡಲಿಲ್ಲ. ಅವ್ವನ ಮುಂದೆಯೂ ಇಲ್ಲ, ಹಾಲು ಕಾಸಿ ಕೊಟ್ಟವಳು ಅವಳಲ್ವಾ. ಮಿಲ್‌ನಲ್ಲಿ ಒಮ್ಮೆ ಮುಖ ನೋಡಿ ಕೇಳಿದರು, ನಾಯಿಮರಿ ಸತ್ತವು ಅಂದೆ. "ಕುನ್ನಿ ಸತ್ತರ ಅಳ್ತಾರೇನ್ರೀ? ಸಂಕ್ರಾಂತಿ ಒಳಗ ಇನ್ನ ಹತ್ತು ಸಿಗ್ತಾವ," ಅಂತ ನಕ್ಕರು. ಅವರದು ತಪ್ಪಲ್ಲ. ಮನುಷ್ಯರು ಸತ್ತರೆ ಓಣಿಯವರು ಬರುತ್ತಾರೆ, ಮೂರು ದಿನ ಒಲೆ ಹಚ್ಚಲು ಬಿಡುವುದಿಲ್ಲ, ಬುತ್ತಿ ತರುತ್ತಾರೆ. ಗಟಾರದ ಕುನ್ನಿಗೆ ಯಾವ ಬುತ್ತಿ? ಬೆಳಗ್ಗೆ ಹುಗಿದು ಒಂಬತ್ತಕ್ಕೆ ಕೆಲಸಕ್ಕೆ ಹೋಗಬೇಕು.

ಅದಾದ ಮೇಲೆ ನಾನು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ, ಇನ್ನೂ ಜಾಸ್ತಿ ಮಾಡಿದೆ. ಸಾಲ ತೀರಿಸುವವನ ಹಾಗೆ. ರಿಂಗ್ ರೋಡ್, ಸೇಡಂ ರಸ್ತೆ, ಸ್ಟೇಷನ್ ಹಿಂಬದಿ, ಎಲ್ಲಿಂದ ಫೋನ್ ಬಂದರೂ ಹೋಗುತ್ತಿದ್ದೆ. ಜೊತೆಗೆ ನಮ್ಮ ಓಣಿಯ ಆಟೊ ಚಾಚಾ. ಸೀಟಿನ ಮೇಲೆ ತಟ್ಟು ಹಾಸಿ ಗಾಯದ ನಾಯಿಯನ್ನು ಒಯ್ಯಲು ಒಪ್ಪುವ ಆಟೊದವರು ಊರಲ್ಲಿ ಎಷ್ಟು ಮಂದಿ ಸಿಗುತ್ತಾರೆ ಹೇಳಿ.

ಎರಡನೇ ಪೆಟ್ಟು ಪಾರ್ವೊ, ನಾಯಿಮರಿಗಳಿಗೆ ಹತ್ತುವ ವೈರಸ್ ರೋಗ. ನಮ್ಮ ಮಾಳಿಗೆಯ ಮೇಲೆ ಪತ್ರಾಸಿನ ಶೆಡ್ ಮಾಡಿದ್ದೆ. ಅಲ್ಲಿ ಎರಡು ತಿಂಗಳಿನ ನಾಲ್ಕು ಮರಿ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದವು. ಲಸಿಕೆ ಮುಂದಿನ ವಾರ ಹಾಕಿಸೋಣ ಅಂತ ಇದ್ದೆ. ಆರರಿಂದ ಎಂಟು ವಾರಕ್ಕೇ ಶುರು ಮಾಡಬೇಕು ಅನ್ನೋದು ಗೊತ್ತಿತ್ತು. ಸಂಬಳ ಬರಲಿ ಅಂತ ಸುಮ್ನೆ ಮುಂದಕ್ಕೆ ಹಾಕಿದೆ. ಆಗಲೇ ಐದನೆಯದನ್ನು ತಂದೆ, ಸುಸ್ತಾದ ಮರಿ, ಒಮ್ಮೆ ವಾಂತಿ ಮಾಡಿತ್ತು. ಹಸಿವಿರಬೇಕು ಅಂದುಕೊಂಡು ಉಳಿದವುಗಳ ಬಟ್ಟಲಲ್ಲೇ ಅನ್ನ ಇಟ್ಟೆ.

ಮರುದಿನ ರಕ್ತಭೇದಿ. ಪಾರ್ವೊ ಕಂಡವರಿಗೆ ಆ ನಾತ ಗೊತ್ತು. ಕೌದಿಗೆ, ಕೂದಲಿಗೆ, ಊಟದ ತಟ್ಟೆಗೂ ಬಂದು ಕೂರುತ್ತದೆ. ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧ ನಮ್ಮ ಕೈಯಲ್ಲಿ ಇರಲಿಲ್ಲ. ಮೈಯ ನೀರು ಆರದಂತೆ ಡ್ರಿಪ್ ಹಾಕಬೇಕು, ವಾಂತಿ ನಿಲ್ಲಿಸಬೇಕು, ಬೇರೆ ಸೋಂಕು ಹತ್ತದಂತೆ ಆಂಟಿಬಯೋಟಿಕ್ ಕೊಡಬೇಕು, ಆಮೇಲೆ ಕಾಯಬೇಕು. ಡಾಕ್ಟ್ರು ಮುಂಗಾಲಿಗೆ ಸೂಜಿ ಹಾಕಿ ಟೇಪ್ ಸುತ್ತಿ ಕೊಟ್ಟರು. ರಾತ್ರಿ ರಿಂಗರ್ ಲ್ಯಾಕ್ಟೇಟ್ ಬಾಟಲಿಯನ್ನು ಶೆಡ್ಡಿನ ಮೊಳೆಗೆ ತೂಗುಹಾಕಿ, ಟಾರ್ಚ್ ಹಿಡಿದು ಹನಿ ಎಣಿಸುತ್ತ ಕೂತೆ. ನಾಲ್ಕನೇ ದಿನ ಹಳೆಯ ನಾಲ್ಕಕ್ಕೂ ಶುರುವಾಯಿತು. ಒಂದು ವಾರದಲ್ಲಿ ಐದರಲ್ಲಿ ನಾಲ್ಕು ಹೋದವು. ಗುಂಡ ಅಂತ ಕರೆಯುತ್ತಿದ್ದ ಮರಿ ಕೊನೆಯ ರಾತ್ರಿಯೂ ನನ್ನ ಧ್ವನಿ ಕೇಳಿ ಬಾಲ ಆಡಿಸಿತು. ಎರಡೇ ಸಲ, ಪರಸಿ ಕಲ್ಲಿನ ಮೇಲೆ ಟಪ್ ಟಪ್ ಅಂತ.

ಆಮೇಲೆ ಫಿನಾಯಿಲ್ ಹಾಕಿ ಎಲ್ಲ ತೊಳೆದೆ. ಡಾಕ್ಟ್ರು ಕೇಳಿ ತಲೆ ಅಲ್ಲಾಡಿಸಿದರು. ಈ ವೈರಸ್‌ಗೆ ಫಿನಾಯಿಲ್ ಸಾಲುವುದಿಲ್ಲ. ಮೊದಲು ಹೊಲಸೆಲ್ಲ ತೊಳೆದು ತೆಗೆದು, ಬಟ್ಟೆಗೆ ಹಾಕುವ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಮೂವತ್ತು ಪಾಲು ಕಲಸಿ ಹತ್ತು ನಿಮಿಷ ಬಿಡಬೇಕು. ಆದರೂ ಪರಸಿಯ ಸಂದಿಯಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮುಂದೆ ಒಂದು ವರ್ಷ ಲಸಿಕೆ ಇಲ್ಲದ ಯಾವ ಮರಿಯನ್ನೂ ಮನೆಗೆ ತರಲಿಲ್ಲ. ಫೋನ್ ಬಂದರೆ "ಆಗೋದಿಲ್ರಿ" ಅನ್ನಬೇಕಿತ್ತು. ಡ್ರಿಪ್ ಹಾಕಿ ಕೂರುವುದಕ್ಕಿಂತ ಅದೇ ಕಷ್ಟ.

ಆ ವರ್ಷ ನನಗೇನೋ ಆಯಿತು. ಮೊದಮೊದಲು ನಿದ್ದೆ ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಟಪ್ ಟಪ್. ರೊಟ್ಟಿ ಸ್ವಲ್ಪ ಸೀದದ್ದಕ್ಕೆ ಅವ್ವನ ಮೇಲೆ ಕೂಗಾಡಿದೆ. ಆಮೇಲೆ ಅದೂ ನಿಂತಿತು. ಒಂದು ಮೇ ಮಧ್ಯಾಹ್ನ ಲಾರಿ ಹಾಯ್ದು ಸತ್ತ ನಾಯಿಯನ್ನು ಎತ್ತಿ ಹಾಕಿ ಬಂದು, ಕೈ ತೊಳೆದು, ಎರಡು ರೊಟ್ಟಿ ಶೇಂಗಾ ಹಿಂಡಿ ಹಚ್ಚಿಕೊಂಡು ತಿಂದೆ. ಏನೂ ಅನ್ನಿಸಲಿಲ್ಲ. ರುಚಿ ಚೆನ್ನಾಗೇ ಇತ್ತು. ಅತ್ತ ದಿನಗಳಿಗಿಂತ ಆ ದಿನವೇ ನನಗೆ ಹೆದರಿಕೆಯಾಯಿತು.

ಇದಕ್ಕೊಂದು ಹೆಸರಿದೆ ಅಂತ ಆಮೇಲೆ ತಿಳಿಯಿತು, ಕಂಪ್ಯಾಶನ್ ಫೆಟೀಗ್. ನರ್ಸುಗಳ ಬಗ್ಗೆಯೂ ಬಳಸುವ ಮಾತು. ಕರುಣೆ ದಣಿಯೋದು ಅನ್ನಬಹುದೇನೋ. ಹೆಸರು ಗೊತ್ತಾದದ್ದರಿಂದ ಏನೂ ಬಗೆಹರಿಯಲಿಲ್ಲ, ನನಗೊಬ್ಬನಿಗೇ ಹೀಗಾಗಿಲ್ಲ ಅನ್ನೋದು ಮಾತ್ರ ಖಾತ್ರಿಯಾಯಿತು. 14416ಕ್ಕೆ ಫೋನ್ ಮಾಡಿದೆ. ಸರ್ಕಾರದ ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಾಯಿಗಳ ವಿಷಯ ಅಂದರೆ ನಗುತ್ತಾರೆ ಅಂದುಕೊಂಡಿದ್ದೆ. ಆ ಕಡೆಯವರು ನಗಲಿಲ್ಲ. "ಗುಂಡ ಹೇಗಿತ್ತು?" ಅಂತ ಕೇಳಿದರು. ಅಷ್ಟಕ್ಕೇ ಕಟ್ಟೆ ಒಡೆಯಿತು.

ಆಮೇಲೆ ನನಗೆ ಬರುವ ಒಂದೇ ವಿದ್ಯೆ ಬಳಸಿದೆ, ಲೆಕ್ಕ. ಒಂದು ಖಾತೆ ಪುಸ್ತಕ ತಂದು ಎರಡು ಕಲಂ ಹಾಕಿದೆ. ಒಂದು "ನನ್ನದು", ಇನ್ನೊಂದು "ನನ್ನದಲ್ಲ". ಪ್ರಾಣಿ ಸತ್ತ ರಾತ್ರಿ ಬರೆಯುವುದಿಲ್ಲ. ಆ ರಾತ್ರಿ ಎಲ್ಲವೂ ನನ್ನದೇ ಅನ್ನಿಸುತ್ತದೆ. ಮೂರು ದಿನ ಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ, "ನಾನು ಬೇರೆ ಏನಾದ್ರೂ ಮಾಡಿದ್ರ ಉಳಿತಿತ್ತೇನ್ರಿ?" ಅವರು ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ.

ಎಲ್ಲರೂ ಹೇಳುತ್ತಾರೆ, "ನಿಮ್ಮ ತಪ್ಪಿಲ್ಲ ಬಿಡ್ರಿ, ನಿಮ್ಮ ಕೈಲಾದದ್ದು ಮಾಡೀರಿ" ಅಂತ. ಪ್ರೀತಿಯಿಂದಲೇ ಹೇಳುತ್ತಾರೆ. ನನಗೆ ಅದು ಕೆಲಸಕ್ಕೆ ಬರಲಿಲ್ಲ. ಯಾಕಂದರೆ ಕೆಲವು ನನ್ನ ತಪ್ಪೇ. ಮೂರು ಕುನ್ನಿ ನನ್ನ ತಪ್ಪು. ಒಂದೇ ಬಟ್ಟಲು ನನ್ನ ತಪ್ಪು. ಮುಂದೆ ಹಾಕಿದ ಲಸಿಕೆ ನನ್ನ ತಪ್ಪು. ಅವನ್ನು ನನ್ನದು ಅಂತ ಬರೆದು ಸಹಿ ಮಾಡಿದ ಮೇಲೆಯೇ ಉಳಿದವನ್ನು "ನನ್ನದಲ್ಲ" ಅಂತ ಬರೆಯುವ ಧೈರ್ಯ ಬಂತು. ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಮಿದುಳಿಗೆ ಏರಿ, ಚೂಯಿಂಗ್ ಗಮ್ ಅಗಿದ ಹಾಗೆ ದವಡೆ ಆಡಿಸುತ್ತ ಬಂದ ಕಂದು ನಾಯಿ, ನನ್ನದಲ್ಲ. ಮೈಯೊಳಗೇ ರಕ್ತ ಸುರಿದು ಬಂದ ಅರ್ಧ ಗಂಟೆಗೆ ಹೋದ ಬೆಕ್ಕು, ನನ್ನದಲ್ಲ. ಹುಚ್ಚು ಹಿಡಿದ ನಾಯಿ, ನನ್ನದಲ್ಲ. ಅಂಥವಕ್ಕೆ ಕೈ ಹಾಕುವ ಮೊದಲು ನಾವು ರೇಬೀಸ್ ಲಸಿಕೆ ಹಾಕಿಸಿಕೊಂಡಿರಬೇಕು.

ಎರಡು ಕಲಂಗೂ ಕೂರದ್ದು ಒಂದಿದೆ. ಹುಮನಾಬಾದ್ ರಿಂಗ್ ರೋಡಿನಲ್ಲಿ ಸಿಕ್ಕ ಲಾಲಿ ಅನ್ನೋ ನಾಯಿ. ಬೆನ್ನುಮೂಳೆ ಮುರಿದಿತ್ತು. ನೋವು ತಿಳಿಯುತ್ತದೇನೋ ನೋಡಲು ಡಾಕ್ಟ್ರು ಹಿಂಗಾಲಿನ ಬೆರಳಿನ ಎಲುಬನ್ನು ಚಿಮಟದಿಂದ ಗಟ್ಟಿಯಾಗಿ ಒತ್ತಿದರು. ಲಾಲಿ ತಿರುಗಿಯೂ ನೋಡಲಿಲ್ಲ. ದಯಾಮರಣವೇ ಸರಿ ಅಂದರು. ನಾನು ಒಲ್ಲೆ ಅಂದೆ. ಹತ್ತೊಂಬತ್ತು ದಿನ ಇಟ್ಟುಕೊಂಡೆ. ದಿನಕ್ಕೆ ಮೂರು ಸಲ ಹೊಟ್ಟೆ ಒತ್ತಿ ಉಚ್ಚೆ ತೆಗೆಯಬೇಕಿತ್ತು. ಸೊಂಟದಲ್ಲಿ ಹುಣ್ಣಾಯಿತು, ಹುಣ್ಣಿಗೆ ಹುಳ ಬಿದ್ದವು. ಚಾಚಾ ಒಂದು ಸಂಜೆ ಬಂದು ನೋಡಿ, ಬೀಡಿ ಹಚ್ಚಿ, ಬಹಳ ಹೊತ್ತು ಸುಮ್ಮನೆ ಕೂತರು.

"ಒಂದ್ ಮಾತು ಕೇಳ್ತೀನಿ ಸಾಬ್, ಸಿಟ್ಟಾಗಬ್ಯಾಡ್ರಿ. ಇದನ್ನ ಅದರ ಸಲುವಾಗಿ ಇಟ್ಟೀರೊ, ನಿಮ್ಮ ಸಲುವಾಗಿ ಇಟ್ಟೀರೊ?"

ಮರುದಿನ ಡಾಕ್ಟ್ರು ಬಂದು ಇಂಜೆಕ್ಷನ್ ಕೊಟ್ಟರು. ನಿಮಿಷದೊಳಗೆ ಮುಗಿಯಿತು. ವಾಸಿಯಾಗದ ಕಾಯಿಲೆಯ, ಸಾಯುವಷ್ಟು ಗಾಯವಾದ ನಾಯಿಗೆ ನೋವಿಲ್ಲದ ಸಾವು ಕೊಡಲು ಬೀದಿನಾಯಿಗಳ ಸಂತಾನ ನಿಯಂತ್ರಣದ 2023ರ ನಿಯಮಗಳಲ್ಲೂ ಅವಕಾಶವಿದೆ. ಅದನ್ನು ಅರ್ಹ ಪಶುವೈದ್ಯರೇ ಮಾಡಬೇಕು, ನಾವು ಮನೆಯಲ್ಲಿ ಏನೋ ಕುಡಿಸುವುದಲ್ಲ. ಲಾಲಿಯ ಸಾವನ್ನು "ನನ್ನದಲ್ಲ" ಕಡೆ ಬರೆದೆ. ಆ ಹತ್ತೊಂಬತ್ತು ದಿನಗಳನ್ನು "ನನ್ನದು" ಕಡೆ.

ಹುಗಿಯೋದನ್ನು ಈಗ ಅವಸರದಲ್ಲಿ ಮಾಡುವುದಿಲ್ಲ. ಆಳಂದ ರಸ್ತೆಯಲ್ಲಿ ಗೆಳೆಯನ ಹೊಲವಿದೆ, ಬದುವಿನಲ್ಲಿ ಒಂದು ಬೇವಿನ ಗಿಡ. ನಮ್ಮ ಎರಿ ಮಣ್ಣು ಮೇ ತಿಂಗಳಲ್ಲಿ ಕೈ ಹೋಗುವಷ್ಟು ಬಿರಿದಿರುತ್ತದೆ, ಸಲಿಕೆಗೆ ಬಗ್ಗುವುದಿಲ್ಲ, ಹಾರಿ ಬೇಕು. ಮಳೆಗಾಲದಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಮೆತ್ತುತ್ತದೆ. ಬೇರೆ ಪ್ರಾಣಿ ಕೆದರದ ಹಾಗೆ ಮೂರ್ನಾಲ್ಕು ಅಡಿ ತೋಡಬೇಕು. ಒಂದು ತಾಸು ಹಿಡಿಯುತ್ತದೆ. ನನಗೆ ಆ ಒಂದು ತಾಸು ಬೇಕು. ಆ ಹೊತ್ತು ಫೋನ್ ಚಾಚಾ ಹತ್ತಿರ ಇರುತ್ತದೆ.

ಶೆಡ್ಡಿನಲ್ಲಿ ಒಮ್ಮೆಗೆ ಎರಡೇ ಪ್ರಾಣಿ. ಹೊಸದು ಬಂದರೆ ಎರಡು ವಾರ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಚಪ್ಪಲಿ. ಭಾನುವಾರ ಫೋನ್ ಬಂದ್. ಇದಕ್ಕೆ ಬೈದವರಿದ್ದಾರೆ. ಬೈಯಲಿ.

ಹೋದ ಚಳಿಗಾಲ ರಾತ್ರಿ ಹನ್ನೊಂದಕ್ಕೆ ಮಿಲ್‌ನ ವಾಚ್‌ಮನ್ ಫೋನ್ ಮಾಡಿದ. ಗೇಟಿನ ಹತ್ತಿರ ನಾಲ್ಕು ಕುನ್ನಿ, ತಾಯಿ ಇಲ್ಲ. ನಾನು ಏನು ಮಾಡು ಅಂತ ಹೇಳುವ ಮೊದಲೇ ಅವನೇ ಅಂದ, "ಬಾಟ್ಲ್ಯಾಗ ಬಿಸಿನೀರು ತುಂಬಿ ತಟ್ಟಿನ್ಯಾಗ ಸುತ್ತಿ ಇಟ್ಟೀನ್ರಿ. ಹಾಲು ಹಾಕಿಲ್ಲ. ನೀವು ಬರೋತನಾ ಹಾಕಂಗಿಲ್ಲ."

ನಾಲ್ಕರಲ್ಲಿ ಎರಡು ಉಳಿದವು. ಇನ್ನೆರಡರ ಬಗ್ಗೆ ಮೂರು ದಿನ ಬಿಟ್ಟು ಡಾಕ್ಟ್ರಿಗೆ ಫೋನ್ ಮಾಡಿ ಕೇಳಿದೆ.