ರೇಸ್ ಕಾರಿನ್ಯಾಗ ಡ್ರೈವರ್ ಕಿವಿಗೆ ಮಾತು ಮುಟ್ಟಿಸಿದ್ದು: ನನ್ನ ಅನುಭವ

ರೇಸ್ ಕಾರಿನ್ಯಾಗ ರೇಡಿಯೋ ಹಾಕೀವಿ ಅಂದ ಕೂಡ್ಲೆ ಎಲ್ಲಾರೂ ಕೇಳೋದು ಒಂದ, ಎಷ್ಟು ವ್ಯಾಟಿಂದು ಅಂತ. ಅರ್ಧ ವ್ಯಾಟ್ ರೀ, ಅಷ್ಟ. ಸಿಗ್ನಲ್ಲಿಂದು ನಮಗ ತ್ರಾಸ ಆಗೇ ಇಲ್ಲ, ತಲಿಬ್ಯಾನಿ ಎಲ್ಲಾ ಕಿವಿ, ಮೈಕು, ನಡುವಿನ ವೈರು ಇವುಗಳದ.

ನಾವು ಬೆಳಗಾವಿ-ಗೋಕಾಕ ಕಡೆಯವ್ರು, ಪುಣೆದಾಗ ಭೋಸರಿ, ಚಾಕಣದ ಫ್ಯಾಕ್ಟರಿ ಕೆಲಸ, ರವಿವಾರ ಬಂದ್ರ ಒಂದು ಹಳೇ ಮಾರುತಿ ಎಸ್ಟೀಮ್ ಕಾರು ಬಿಚ್ಚಿ ಜೋಡಿಸೋ ಹುಚ್ಚು. ಓಡಸೋದು ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇದಾಗ. ಮೊದ್ಲು ಡ್ರೈವರ್ ಜೋಡಿ ಫೋನ್ ಕಾಲ್ ಮ್ಯಾಲೇ ಮಾತಾಡ್ತಿದ್ವಿ, ಆದ್ರ ಕಾಲ್‌ನಾಗ ಮಾತು ತಡಾ ಆಗಿ ಮುಟ್ತೈತಿ, 120 ಸ್ಪೀಡಿನ್ಯಾಗ ಕಾರು ಒಂದು ಸೆಕೆಂಡಿಗೆ 33 ಮೀಟರ್ ಮುಂದ ಹೋಗಿರ್ತೈತಿ, "ಹಿಂದ ಕಾರ್ ಬಂತು" ಅಂತ ನಾ ಹೇಳೂದ್ರಾಗ ಆ ಹಿಂದಿನ ಕಾರು ಮುಂದ ಹೋಗಿ ಆಗಿರ್ತೈತಿ.

ವಾಕಿಟಾಕಿ ತಗೊಳ್ಳೋವ್ರು ಒಂದು ಮಾತು ಲಕ್ಷ್ಯದಾಗ ಇಡ್ರಿ. ಆನ್‌ಲೈನ್‌ನಾಗ ಅಗ್ಗಕ್ಕ ಸಿಗೋ 5 ವ್ಯಾಟಿನ ಸೆಟ್ಟಿಗೆ ಲೈಸೆನ್ಸ್ ಬೇಕು. ನಮ್ಮ ದೇಶದಾಗ 2018ರಿಂದ 446.0 ರಿಂದ 446.2 ಮೆಗಾಹರ್ಟ್ಸ್ ಬ್ಯಾಂಡ್ ಲೈಸೆನ್ಸ್ ಇಲ್ಲದ ಬಳಸಬಹುದು, ಆದ್ರ ಸೆಟ್ ಕಡಿಮಿ ಪವರಿಂದ ಇರಬೇಕು, ಅದಕ್ಕ ಇಟಿಎ, ಅಂದ್ರ ಸರಕಾರದ ಮಂಜೂರಾತಿ ಸರ್ಟಿಫಿಕೇಟ್ ಇರಬೇಕು. ಕರಿ ಟ್ರ್ಯಾಕ್ ಎರಡು ಕಿಲೋಮೀಟರ್ ಚಿಲ್ಲರೆ, ಸಪಾಟ ಜಾಗ, ಅರ್ಧ ವ್ಯಾಟ್ ಧಾರಾಳ ಸಾಕು. ಸೆಟ್ಟನ್ನ ಸೀಟಿನ ಕೆಳಗ ಮಾತ್ರ ಇಡಬ್ಯಾಡ್ರಿ, ಸುತ್ತ ಬರೇ ಕಬ್ಬಿಣ. ನಾವು ಹಿಂದಿನ ಗ್ಲಾಸಿನ ಹತ್ರ ರೋಲ್ ಕೇಜಿಗೆ (ಕಾರು ಉರುಳಿದ್ರ ಡ್ರೈವರನ್ನ ಕಾಯೋ ಪೈಪಿನ ಪಂಜರ) ಕ್ಲಾಂಪ್ ಹಾಕಿ ಬೋಲ್ಟ್ ಬಿಗಿದೀವಿ. ವೆಲ್ಕ್ರೋ ಸಾಲೂದಿಲ್ಲ, ಕಾರು ಹೊಡಕೊಂಡ್ರ ಸೆಟ್ ಹಾರಿ ಬಂದು ತಲಿಗೇ ಬಡಿತೈತಿ.

ಇನ್ನ ಕಿವಿ. ಒಳಗಿನ ಕಾರ್ಪೆಟ್, ಪ್ಯಾಡಿಂಗ್ ಎಲ್ಲಾ ಕಿತ್ತ ಕಾರಿನ್ಯಾಗ ಕುಂತ್ರ ತಗಡಿನ ಡಬ್ಬಿಯೊಳಗ ಕಲ್ಲು ಹಾಕಿ ಅಲ್ಲಾಡಿಸಿದಂಗ ಆಗ್ತೈತಿ. ಸಾದಾ ಇಯರ್‌ಫೋನ್ ಹಾಕಿ ವಾಲ್ಯೂಮ್ ಪೂರಾ ಏರಿಸಿದ್ರೂ ನಮ್ಮ ಡ್ರೈವರ್ ಹುಡುಗ, "ಅಣ್ಣಾ, ಏನೂ ತಿಳೀವಲ್ದು, ಬರೇ ಗುಂಯ್ ಅನ್ನಾಕತ್ತೈತಿ" ಅಂದ. ಮಾಡಬೇಕಾದ್ದು ಉಲ್ಟಾ, ಹೊರಗಿನ ಸಪ್ಪಳ ಒಳಗ ಬರದಂಗ ಕಿವಿ ಮುಚ್ಚಬೇಕು, ಆಮ್ಯಾಲೆ ಸಣ್ಣ ದನಿನೂ ಸಾಕು. ಫೋಮ್ ಟಿಪ್ ಛಲೋನ, ಆದ್ರ ಹೆಲ್ಮೆಟ್ ಹಾಕುವಾಗ ಜಾರತಾವ. ಅದಕ್ಕ ಕಿವಿ ಮಷೀನ್ ಮಾಡೋವ್ರ ಕಡೆ ಹೋಗಿ ಇಂಪ್ರೆಶನ್, ಅಂದ್ರ ಕಿವಿ ಅಚ್ಚು, ಕೊಟ್ಟು ಮೋಲ್ಡ್ ಮಾಡಿಸಿದ್ವಿ. ಅವ್ರು ಮೊದ್ಲು ಕಿವಿಯೊಳಗ ದಾರ ಕಟ್ಟಿದ ಸಣ್ಣ ಸ್ಪಂಜ್ ಇಟ್ಟು ಆಮ್ಯಾಲೆ ಸಿಲಿಕೋನ್ ಬಿಡ್ತಾರ, ಅದು ಕಿವಿ ಪರದೆ ತನಕ ಹೋಗಬಾರದಂತ, ಹಿಂಗಾಗಿ ಇದನ್ನ ಮನ್ಯಾಗ ಮಾಡೋ ಶಾಣ್ಯಾತನ ಬ್ಯಾಡ. ಬಾಯಿ ಸ್ವಲ್ಪ ತೆರಕೊಂಡು ಇಂಪ್ರೆಶನ್ ಕೊಡ್ರಿ, ದವಡಿ ಅಲ್ಲಾಡಿದ್ರ ಕಿವಿ ಆಕಾರನ ಬದಲಾಗ್ತೈತಿ. ಮೋಲ್ಡಿನ್ಯಾಗ ಸಾದಾ ಇನ್-ಇಯರ್ ಫೋನಿನ ಸ್ಪೀಕರ್ ಕೂಡ್ಸಿದ್ವಿ. ಅದು ಬಾಳ ಸೂಕ್ಷ್ಮ, ಸುಮ್ಮನಿದ್ದಾಗೂ ಸುಂಯ್ ಅಂತಿತ್ತು, ಸ್ಪೀಕರಿನ ವೈರಿಗೆ ಸೀರೀಸ್‌ನಾಗ 100 ಓಮ್ ರೆಸಿಸ್ಟರ್ ಹಾಕಿದ ಮ್ಯಾಲೆ ತಣ್ಣಗಾತು.

ಮೈಕಿಂದು ಇನ್ನೊಂದು ಕತಿ. ವಾಕ್ಸ್ ಅಂತ ಇರ್ತೈತಲ್ಲ, ದನಿ ಬಂದ್ರ ತಾನ ಆನ್ ಆಗೋದು, ಅದು ರೇಸ್ ಕಾರಿಗೆ ಕೆಲಸಕ್ಕ ಬರೂದಿಲ್ಲ, ಇಂಜಿನ್ ಸಪ್ಪಳಕ್ಕ ಯಾವಾಗಲೂ ಆನ್ ಇರ್ತೈತಿ. ನಾಯ್ಸ್ ಕ್ಯಾನ್ಸಲಿಂಗ್ ಮೈಕ್ ಬೇಕು. ಅದಕ್ಕ ಮುಂದ-ಹಿಂದ ಎರಡೂ ಕಡೆ ತೂತು, ದೂರದ ಸಪ್ಪಳ ಎರಡೂ ಕಡೆಯಿಂದ ಸಮ ಹೊಕ್ಕು ಒಂದನ್ನೊಂದು ಕಡೀತಾವ, ತುಟಿ ಹತ್ರಿಂದು ಒಂದ ಕಡೆಯಿಂದ ಹೊಗ್ತೈತಿ. ಅಂದ್ರ ತುಟಿಗೆ ಹತ್ತಿರಬೇಕು, ಎರಡು ಬಟ್ಟು ದೂರ ಇದ್ರೂ ದಂಡ. ಹೆಲ್ಮೆಟ್ಟಿಗೆ ತೂತು ಹೊಡೀಲಿಲ್ಲ, ಫೆವಿಕ್ವಿಕ್ಕೂ ಹಚ್ಚಲಿಲ್ಲ, ಅಂಟಿನ ಕೆಮಿಕಲ್ ಒಳಗಿನ ಥರ್ಮಾಕೋಲ್ ತಿಂತೈತಿ. ಗಲ್ಲದ ಪ್ಯಾಡಿನ ಬಟ್ಟಿ ಸಂದ್ಯಾಗ ವೆಲ್ಕ್ರೋದಿಂದ ಕೂಡ್ಸೀವಿ.

ವೈರು, ಜ್ಯಾಕು, ಸುರುಳಿ ವೈರು ಎಲ್ಲಾ ಬುಧವಾರ ಪೇಠದ ತಾಪ್‌ಕೀರ್ ಗಲ್ಲಿದಾಗ ಸಿಕ್ಕವು. ಮೈಕಿಗೆ ಶೀಲ್ಡ್, ಅಂದ್ರ ಸುತ್ತ ತಂತಿ ಜಾಳಗಿ, ಇರೋ ವೈರ ಹಾಕ್ರಿ. ಸೆಟ್ಟಿಗೆ ಕಾರಿನ ಕರೆಂಟ್ ಕೊಟ್ರ ಆಲ್ಟರ್ನೇಟರ್ (ಕಾರಿನ ಕರೆಂಟ್ ಹುಟ್ಟಿಸೋದು) ಕೂಗೋದು ಕಿವ್ಯಾಗ ಕೇಳ್ತೈತಿ, ಆರ್‌ಪಿಎಂ ಏರಿದಂಗ ದನಿನೂ ಏರ್ತೈತಿ, ಅದಕ್ಕ ಸೆಟ್ಟಿನ ಸ್ವಂತ ಬ್ಯಾಟರಿನ ಇರ್ಲಿ. ಹೆಲ್ಮೆಟಿನ ವೈರು ಜಗ್ಗಿದ್ರ ತಾನ ಬಿಚ್ಕೊಬೇಕು, ಕಾರಿಗೆ ಬೆಂಕಿ ಹತ್ತಿದ್ರ ಪ್ಲಗ್ ಹುಡಕೋಕೋತ ಕುಂದ್ರಾಕಾಗೂದಿಲ್ಲ. ಮಾತಾಡೋ ಬಟನ್ ಸ್ಟೀರಿಂಗ್ ಮ್ಯಾಲೆ, ಹೆಬ್ಬಟ್ಟಿಗೆ ಸಿಗೂವಂಗ.

ಮಾತಾಡೂದೂ ಕಲೀಬೇಕಾತು. ಬಟನ್ ಒತ್ತಿ ಅರ್ಧ ಸೆಕೆಂಡ್ ತಡದು ಬಾಯಿ ತಗೀಬೇಕು, ಇಲ್ಲಾಂದ್ರ ಮೊದಲಿನ ಅಕ್ಷರ ಹೋಗ್ತೈತಿ. ಮುಗಿಯೂಕ್ಕಿಂತ ಮೊದ್ಲ ಬಟನ್ ಬಿಟ್ರ "ಒಳಗ ಬರಬ್ಯಾಡ" ಅನ್ನೋದು "ಒಳಗ ಬರ" ಆಗಿ ಮುಟ್ತೈತಿ! ಅದಕ್ಕ ನಮ್ಮಲ್ಲಿ ಒಳಗ, ಅಂದ್ರ ಟ್ರ್ಯಾಕ್ ಪಕ್ಕ ಕಾರು ನಿಂದ್ರಸೋ ಪಿಟ್ ಜಾಗಕ್ಕ, ಕರಿಯಾಕ "ಪಿಟ್", ಇಲ್ಲಾಂದ್ರ "ಹೊಡಿ", ಎರಡ ಮಾತು. ನಾ ಸ್ಟ್ರೇಟಿನ್ಯಾಗ, ಟ್ರ್ಯಾಕ್ ನೆಟ್ಟಗಿರೋ ಕಡೆ, ಅಷ್ಟ ಮಾತಾಡ್ತೀನಿ, ಬ್ರೇಕ್ ಹಾಕೋ ಜಾಗ ಬರೂದ್ರಾಗ ಬಾಯಿ ಬಂದ್. ಡ್ರೈವರ್ ಉತ್ತರ ಕೊಡೂದಿಲ್ಲ, ಬಟನ್ ಎರಡು ಸಲ ಟಕ್ ಟಕ್ ಒತ್ತತಾನ, ತಿಳೀತು ಅಂತ.

ಈಗ ಇನ್ನೊಬ್ಬ ಗೆಳ್ಯಾನ ಕಾರಿಗೂ ಮಾಡ್ಬೇಕಾಗೈತಿ. ಅವಂದು ಓಪನ್ ಫೇಸ್ ಹೆಲ್ಮೆಟ್, ಬಾಯಿ ಮುಂದ ಏನೂ ಇರೂದಿಲ್ಲ, ಗಲ್ಲದ ಪ್ಯಾಡಿನ ಉಪಾಯ ನಡಿಯಂಗಿಲ್ಲ, ಕಡ್ಡಿ ಮೈಕ್ ಬೇಕು, ಮತ್ತ ಇಬ್ರೂ ಒಂದ ಚಾನೆಲ್ ಮ್ಯಾಲೆ ಇದ್ರ ಒಬ್ಬಂದು ಇನ್ನೊಬ್ಬಗ ಕೇಳ್ತೈತಿ, ಹಿಂಗಾಗಿ ಅವನ ಪಿಟ್‌ನವ್ರಿಗೆ ಬ್ಯಾರೆ ಚಾನೆಲ್ ಕೊಡೋದು ನಕ್ಕಿ ಆಗೈತಿ.